ಕೆಳಗಿನ ಶೆಲ್ಫಿನ ಮೀಟರ್

ಸೌದಿಯ ಜಿದ್ದಾ ನಗರದ ಒಂದು ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಹನ್ನೊಂದು ವರ್ಷದಿಂದ ನಾನು ಮಲ್ಟಿಮೀಟರ್ ಮಾರುತ್ತಿದ್ದೇನೆ. ಬಳಸಿದ್ದು ಮಾತ್ರ ಒಂದನ್ನೂ ಇಲ್ಲ. ಕರೆಂಟು ಎಷ್ಟಿದೆ, ತಂತಿ ಎಲ್ಲಿ ತುಂಡಾಗಿದೆ ಎಂದು ಅಂಕಿಯಲ್ಲಿ ಹೇಳುವ ಆ ಯಂತ್ರವನ್ನು, ಪೆಟ್ಟಿಗೆಯ ಮೇಲೆ ಬರೆದದ್ದನ್ನು ಬಾಯಿಪಾಠ ಮಾಡಿಯೇ ಮಾರಿದ್ದೇನೆ. ಎರಡರಲ್ಲಿ ಯಾವುದು ಒಳ್ಳೆಯದು ಎಂದು ಗಿರಾಕಿ ಕೇಳಿದರೆ ದೊಡ್ಡದನ್ನು ತೋರಿಸುತ್ತಿದ್ದೆ. ಒಳ್ಳೆಯದಲ್ಲದಿದ್ದರೆ ಅಷ್ಟು ದೊಡ್ಡದಾಗಿ ಯಾಕೆ ಮಾಡುತ್ತಾರೆ? ನನ್ನ ಸ್ವಂತ ಉಪಯೋಗಕ್ಕೆ ಅಂಗಿಯ ಜೇಬಿನಲ್ಲಿ ಊರಿನಿಂದ ತಂದ ಒಂದು ಟೆಸ್ಟರ್ ಇತ್ತು. ಪ್ಲಗ್ಗಿನ ತೂತಿಗೆ ಹಾಕಿದರೆ, ಕರೆಂಟು ಇದ್ದಲ್ಲಿ ಅದರ ಹೊಟ್ಟೆಯೊಳಗಿನ ಸಣ್ಣ ಬಲ್ಬು ಉರಿಯುತ್ತದೆ, ಇಲ್ಲದಿದ್ದಲ್ಲಿ ಉರಿಯುವುದಿಲ್ಲ. ಇದಕ್ಕಿಂತ ಹೆಚ್ಚಿನ ವಿದ್ಯೆ ಮನುಷ್ಯನಿಗೆ ಬೇಡ ಎಂದೇ ನಂಬಿದ್ದೆ.

ನನ್ನ ಹೆಂಡತಿ ಶಾಹೀದಾ ಮಂಗಳೂರಿನಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಿದವಳು, ಅದೂ ಫಸ್ಟ್ ಕ್ಲಾಸಿನಲ್ಲಿ. ಮದುವೆಯಾಗಿ ಜಿದ್ದಾದ ಅಜೀಜಿಯಾ ಬಡಾವಣೆಯ ನಮ್ಮ ಎರಡು ಕೋಣೆಯ ಮನೆಗೆ ಬಂದ ಮೇಲೆ ಆ ಸರ್ಟಿಫಿಕೇಟು ಸೂಟ್‌ಕೇಸಿನೊಳಗೆ ಮಲಗಿತು. ಅವಳು ಮಲಗಲಿಲ್ಲ. ಬಿಲ್ಡಿಂಗಿನ ಹೆಂಗಸರ ಮಿಕ್ಸಿ, ಇಸ್ತ್ರಿಪೆಟ್ಟಿಗೆಗಳನ್ನೆಲ್ಲ ಏಳು ವರ್ಷ ಅವಳೇ ರಿಪೇರಿ ಮಾಡಿದಳು. ನನ್ನ ಕಣ್ಣಿಗೆ ಅದೊಂದು ಹವ್ಯಾಸವಾಗಿ ಕಂಡಿತು. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ, ಹಾಗೆ.

ಎರಡು ಸಾವಿರದ ಹದಿನೇಳರಲ್ಲಿ ಇಲ್ಲಿ ಕುಟುಂಬ ಇಟ್ಟುಕೊಂಡ ಹೊರದೇಶದವರ ಮೇಲೆ ತಲೆಗಿಷ್ಟೆಂದು ಹೊಸ ಶುಲ್ಕ ಬಂತು, ನನ್ನೊಬ್ಬನ ಸಂಬಳಕ್ಕೆ ಅದು ಎಟುಕುವಂತಿರಲಿಲ್ಲ. ನಮ್ಮ ಬಿಲ್ಡಿಂಗಿನಲ್ಲಿ ವಾರಕ್ಕೊಂದು ಮನೆ ಖಾಲಿಯಾಗತೊಡಗಿತು. ನಾವಿಬ್ಬರೂ ಕೂತು ತೀರ್ಮಾನ ಮಾಡಿದೆವು: ಡಿಸೆಂಬರಿನೊಳಗೆ ಶಾಹೀದಾಳಿಗೆ ಕೆಲಸ ಸಿಕ್ಕಿದರೆ ಎಲ್ಲರೂ ಇಲ್ಲೇ. ಸಿಗದಿದ್ದರೆ ಅವಳೂ ಮಗಳು ಸಮೀಹಾಳೂ ಊರಿಗೆ, ನಾನು ನಾಲ್ಕು ಗಂಡಸರ ರೂಮಿಗೆ. ಒಂದು ಸಂಜೆ ನಾನು ಕಪಾಟಿನ ಮೇಲಿಂದ ದೊಡ್ಡ ಸೂಟ್‌ಕೇಸು ಇಳಿಸಿ ಮಂಚದ ಮೇಲಿಟ್ಟೆ. ಆರು ವರ್ಷದ ಸಮೀಹಾ ಅದರೊಳಗೆ ಕೂತು ಆಟವಾಡಿದಳು. ನನಗೆ ಅಲ್ಲಿ ನಿಂತು ನೋಡಲಾಗಲಿಲ್ಲ.

ಅಕ್ಟೋಬರಿನಲ್ಲಿ ಒಂದು ದಾರಿ ಕಂಡಿತು. ಒಂದು ಭಾರತೀಯ ಶಾಲೆಯ ಹುಡುಗಿಯರ ವಿಭಾಗಕ್ಕೆ ಫಿಸಿಕ್ಸ್ ಲ್ಯಾಬಿನಲ್ಲಿ ಸಹಾಯಕಿ ಬೇಕಾಗಿತ್ತು. ಇಲ್ಲಿ ಹುಡುಗಿಯರು ಶಾಲೆಯಲ್ಲಿರುವಾಗ ಯಾವ ಗಂಡಸೂ ಒಳಗೆ ಕಾಲಿಡುವಂತಿಲ್ಲ. ಬೆಳಿಗ್ಗೆ ಎಂಟಕ್ಕೆ ಪ್ಲಗ್ಗು ಕೆಟ್ಟರೆ ಎಲೆಕ್ಟ್ರಿಷಿಯನ್ ಬರುವುದು ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ. ಅಷ್ಟರಲ್ಲಿ ಆ ದಿನದ ಪ್ರಯೋಗ ಹೋಯಿತು. ಹಾಗಾಗಿ ಕರೆಂಟಿನ ಕೆಲಸ ಗೊತ್ತಿರುವ ಹೆಂಗಸನ್ನೇ ಅವರು ಹುಡುಕುತ್ತಿದ್ದರು. ಮೈಸೂರಿನ ಚಿತ್ರಾ ಮೇಡಂ ಎಂಬವರು ಆ ವಿಭಾಗದ ಮುಖ್ಯಸ್ಥೆ. ಶಾಹೀದಾಳಿಗೆ ಫೋನಿನಲ್ಲಿ, "ಬರುವ ವಾರ ಗುರುವಾರ ಬನ್ನಿ, ಒಂದು ದಿನ ಕೆಲಸ ಮಾಡಿ ತೋರಿಸಿ. ಮೀಟರ್ ನಿಮ್ಮದೇ ತನ್ನಿ, ನಮ್ಮದು ಕೆಟ್ಟು ಕೂತಿದೆ," ಎಂದರು.

"ಮೀಟರಿನ ಚಿಂತೆ ನಿನಗೆ ಬೇಡ," ಎಂದೆ ನಾನು. ಅದು ನನ್ನ ರಾಜ್ಯವಲ್ಲವೇ.

ಮರುದಿನವೇ ಅಂಗಡಿಯ ಮೀಟರ್‌ಗಳ ರಾಜನನ್ನೇ ತಂದೆ. ಹಳದಿ ಬಣ್ಣ, ಇಟ್ಟಿಗೆಯ ಗಾತ್ರ, ಹದಿನಾಲ್ಕು ಬಟನ್ನು, ತಲೆಯಲ್ಲೊಂದು ಟಾರ್ಚು. ಶಾಹೀದಾ ಎರಡೂ ಕೈಯಲ್ಲಿ ಹಿಡಿದು ತೂಗಿ ನೋಡಿದಳು.

"ಇದನ್ನು ಹೊರ್ಲಿಕ್ಕೆ ಇನ್ನೊಂದು ಜನ ಬೇಕಲ್ಲ. ಒಂದು ಕೈಯಲ್ಲಿ ಹಿಡಿಯುವ ಹಾಗೆ ಇರ್ಬೇಕು. ಅಬಾಯದ ಜೇಬಲ್ಲಿ ಕೂತ್ಕೊಳ್ಬೇಕು."

ಅಬಾಯ ಎಂದರೆ ಇಲ್ಲಿ ಹೆಂಗಸರು ಹೊರಗೆ ಹೋಗುವಾಗ ತೊಡುವ ಕಪ್ಪು ನಿಲುವಂಗಿ, ಅದರ ಜೇಬು ಸಣ್ಣದು. ಮರುದಿನ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದೊಂದನ್ನು ತಂದೆ. ಅದರ ಮೇಲೆ ಸಾವಿರ ವೋಲ್ಟ್ ಎಂದು ಅಚ್ಚು ಹಾಕಿದ್ದರು. ಅವಳು ಸ್ಕ್ರೂ ತೆಗೆದು ಹಿಂದಿನ ಮುಚ್ಚಳ ಬಿಚ್ಚಿಯೇಬಿಟ್ಟಳು.

"ನೋಡಿ, ಒಳಗೆ ಫ್ಯೂಸ್ ಇಲ್ಲ. ವೈರಂತೂ ಕೂದಲಿನಷ್ಟು ಸಪೂರ. ಸಾವಿರ ಅಂತ ಬರೆದ್ರೆ ಸಾವಿರ ತಡೀತದಾ? ಇದರಲ್ಲಿ ಏನಾದ್ರೂ ತಪ್ಪಿದ್ರೆ ನನ್ನ ಕೈಯಲ್ಲೇ ಪಟಾಕಿ."

ನನಗೆ ರೇಗಿತು. "ಹನ್ನೊಂದು ವರ್ಷ ಆಯ್ತು ಮಾರಾಯ್ತಿ, ನನಗೆ ಹೇಳಿ ಕೊಡ್ತೀಯಾ?"

"ಮಾರಿದ್ದು ಹನ್ನೊಂದು ವರ್ಷ," ಎಂದಳು ಅವಳು, ಮುಚ್ಚಳವನ್ನು ಮೆಲ್ಲಗೆ ಹಾಕುತ್ತಾ. "ಅಷ್ಟು ಕಷ್ಟ ಆದ್ರೆ ಬಿಡಿ. ಟೆಸ್ಟರಲ್ಲೇ ಮಾಡ್ತೇನೆ."

ಆ ಶುಕ್ರವಾರ ಹಸನ್ ಕುಂಞಿಚ್ಚ ಊಟಕ್ಕೆ ಬಂದರು. ಮಂಜೇಶ್ವರದ ಕಡೆಯವರು, ರಾಬಿಗ್ ಎಂಬ ಊರಿನ ಕಾರ್ಖಾನೆಯೊಂದರಲ್ಲಿ ಹಳೆಯ ಎಲೆಕ್ಟ್ರಿಷಿಯನ್. ಜಿದ್ದಾಕ್ಕೆ ಬಂದರೆ ನಮ್ಮ ಮನೆಯ ನೆಯ್ಚೋರು, ಅಂದರೆ ತುಪ್ಪದನ್ನ, ಉಣ್ಣದೆ ಹೋಗುವುದಿಲ್ಲ. ನಮ್ಮ ಜಗಳ ಕೇಳಿ ಅವರು ಊಟಕ್ಕೆ ಮೊದಲೇ ಎದ್ದು ಏಸಿಯ ಪ್ಲಗ್ಗಿನ ಹತ್ತಿರ ಹೋದರು.

"ಮಗಳೇ, ಟೆಸ್ಟರ್ ಸಾಕಾ? ಹಾಗಾದ್ರೆ ಇದನ್ನು ನೋಡಿ ಹೇಳು."

ನಮ್ಮ ಹಳೆಯ ಬಿಲ್ಡಿಂಗಿನಲ್ಲಿ ಅಡುಗೆಮನೆಗೆಲ್ಲ ಬಾಯಿಮಾತಿನಲ್ಲಿ ನೂರಹತ್ತು ಎನ್ನುವ ನೂರಿಪ್ಪತ್ತೇಳು ವೋಲ್ಟಿನ ಲೈನು, ಏಸಿಗೆ ಮಾತ್ರ ಇನ್ನೂರಿಪ್ಪತ್ತು. ಏಸಿಯ ಉಸಾಬರಿ ಬಿಲ್ಡಿಂಗಿನ ಮಾಲಕನದ್ದಾದ್ದರಿಂದ ಶಾಹೀದಾ ಆ ಪ್ಲಗ್ಗನ್ನು ಮುಟ್ಟಿರಲಿಲ್ಲ. ಈಗ ನನ್ನ ಟೆಸ್ಟರ್ ತೆಗೆದುಕೊಂಡು ಒಂದು ತೂತಿಗೆ ಹಾಕಿದಳು, ಉರಿಯಿತು. ಇನ್ನೊಂದಕ್ಕೆ ಹಾಕಿದಳು, ಅದೂ ಉರಿಯಿತು. ಊರಿನಲ್ಲಿ ಒಂದೇ ತೂತು ಉರಿಯಬೇಕು, ಇನ್ನೊಂದು ಕರೆಂಟು ವಾಪಸ್ ಹೋಗುವ ನ್ಯೂಟ್ರಲ್. ಎರಡೂ ಉರಿದರೆ ನ್ಯೂಟ್ರಲ್ ವೈರು ಎಲ್ಲೋ ತುಂಡಾಗಿದೆ ಎಂದೇ ಲೆಕ್ಕ.

"ನ್ಯೂಟ್ರಲ್ ಕಟ್ ಆಗಿದೆ," ಎಂದಳು.

ಹಸನ್ ಕುಂಞಿಚ್ಚ ಹೊಟ್ಟೆ ಹಿಡಿದುಕೊಂಡು ನಕ್ಕರು. "ಊರಿಂದ ಬಂದವರೆಲ್ಲ ಇದನ್ನೇ ಹೇಳುದು! ನಾನು ಮೊದಲ ವರ್ಷ ಜಿಜಾನ್‌ನಲ್ಲಿ ಇದನ್ನೇ ಹೇಳಿ ಒಬ್ಬ ಶೇಖನ ಮನೆಯ ಗೋಡೆ ಒಡೆಸಿದವ. ನ್ಯೂಟ್ರಲ್ ಹುಡುಕ್ಲಿಕ್ಕೆ! ಇದ್ರೆ ಅಲ್ವಾ ಸಿಗುದು?"

ಅವರು ಜೇಬಿನಿಂದ ಸವೆದು ಹೋದ ಒಂದು ಸಣ್ಣ ಮೀಟರ್ ತೆಗೆದರು. ಎರಡು ತೂತುಗಳ ನಡುವೆ ಇನ್ನೂರಿಪ್ಪತ್ತು ತೋರಿಸಿತು. ಒಂದೊಂದು ತೂತಿಗೂ ನೆಲಕ್ಕೆ ಹೋಗುವ ಅರ್ತ್ ವೈರಿಗೂ ನಡುವೆ ನೂರಿಪ್ಪತ್ತೇಳು. ಇಲ್ಲಿನ ಇಂಥ ಹಳೆಯ ಲೈನಿನಲ್ಲಿ ಇನ್ನೂರಿಪ್ಪತ್ತು ಎಂದರೆ ಎರಡೂ ಜೀವಂತ ವೈರು, ನ್ಯೂಟ್ರಲ್ಲೇ ಇಲ್ಲ ಎಂದು ವಿವರಿಸಿದರು. ಪ್ಲಗ್ಗು ಸರಿಯಾಗಿಯೇ ಇತ್ತು.

"ಹಾಗಾದ್ರೆ ಸಾದಾ ಸ್ವಿಚ್ ಆಫ್ ಮಾಡಿದ್ರೆ?" ಶಾಹೀದಾ ಮೆಲ್ಲಗೆ ಕೇಳಿದಳು.

"ಒಂದು ವೈರ್ ಮಾತ್ರ ಸಾಯ್ತದೆ. ಇನ್ನೊಂದು ಕಾದು ಕೂತಿರ್ತದೆ. ಇದೆಲ್ಲ ಟೆಸ್ಟರಿಗೆ ಗೊತ್ತಾಗ್ಲಿಕ್ಕಿಲ್ಲ ಮಗಳೇ. ಮೀಟರ್ ತಕ್ಕೊಳ್ಳುವಾಗ ಮುಖ ನೋಡ್ಬೇಡ, ವೈರ್ ನೋಡು, ಫ್ಯೂಸ್ ನೋಡು. ಎರಡು ಕಡ್ಡಿ ತಾಗಿಸುವಾಗ ಬೀಪ್ ತಡವಾಗಿ ಬಂದ್ರೆ ವಾಪಸ್ ಇಡು. ಮತ್ತೆ ಮೀಟರನ್ನೂ ಸುಮ್ಮನೆ ನಂಬ್ಬೇಡ. ಮೊದಲು ಕರೆಂಟ್ ಉಂಟು ಅಂತ ಗೊತ್ತಿದ್ದ ಕಡೆ ಅಳಿ, ಆಮೇಲೆ ಗೊತ್ತಿಲ್ಲದ ಕಡೆ, ಮತ್ತೆ ಗೊತ್ತಿದ್ದ ಕಡೆ."

ಊಟಕ್ಕೆ ಕೂತಾಗ ನನ್ನ ಪಾಲಿನ ನೆಯ್ಚೋರನ್ನೂ ಕುಂಞಿಚ್ಚರ ತಟ್ಟೆಗೇ ಬಡಿಸಿದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನ ಸ್ಥಿತಿ ನನ್ನದಾಗಿತ್ತು.

ಕಾರಣ ಇಷ್ಟೆ. ಆಗಸ್ಟಿನ ರಜೆಯಲ್ಲಿ ಅದೇ ಶಾಲೆಗೆ ನಾನು ಟ್ಯೂಬ್‌ಲೈಟು ಮುಟ್ಟಿಸಲು ಹೋಗಿದ್ದೆ. ಹುಡುಗಿಯರಿಲ್ಲದ ಕಾರಣ ಒಳಗೆ ಬಿಟ್ಟರು. ಲ್ಯಾಬಿನ ಮೂರನೇ ಬೆಂಚಿನ ಪ್ಲಗ್ಗು ಒಮ್ಮೊಮ್ಮೆ ಕೈಕೊಡುತ್ತದೆ, ಸ್ವಲ್ಪ ನೋಡಿ ಎಂದು ವಾಚ್‌ಮನ್ ಕೇಳಿದ. ನಾನು ಜೇಬಿನಿಂದ ಟೆಸ್ಟರ್ ತೆಗೆದೆ. ಎರಡೂ ತೂತು ಉರಿದವು. ದೊಡ್ಡ ಡಾಕ್ಟರನ ಗತ್ತಿನಲ್ಲಿ ತಲೆಯಾಡಿಸಿ, 'ನ್ಯೂಟ್ರಲ್ ಇಲ್ಲ, ಗೋಡೆ ಒಡೆಯಬೇಕು, ಸ್ವಿಚ್ ಆಫ್ ಇರಲಿ' ಎಂದು ಇಂಗ್ಲಿಷಿನಲ್ಲಿ ಚೀಟಿ ಬರೆದು, ಅಂಗಡಿಯ ಸೀಲು ಒತ್ತಿ ಅಂಟಿಸಿ ಬಂದಿದ್ದೆ.

ಇದನ್ನು ಶಾಹೀದಾಳಿಗೆ ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಫ್ಯೂಸಿಲ್ಲದ ಮೀಟರ್ ತಂದದ್ದಕ್ಕೆ ಮರ್ಯಾದೆ ಹೋಗಿತ್ತು, ಉಳಿದ ಚೂರನ್ನು ಕಾಪಾಡಿಕೊಳ್ಳುವ ಆಸೆ.

ಶನಿವಾರ ಅವಳು ಸಮೀಹಾಳನ್ನು ಕರೆದುಕೊಂಡು ಅಂಗಡಿಗೇ ಬಂದಳು. ಗಾಜಿನ ಕಪಾಟಿನಲ್ಲಿದ್ದ ಮೀಟರ್‌ಗಳನ್ನೆಲ್ಲ ಕೌಂಟರಿನ ಮೇಲೆ ಸಾಲಾಗಿ ಇಡಿಸಿದಳು. ಒಂದೊಂದರ ಎರಡು ಕಡ್ಡಿಗಳನ್ನೂ ಒಂದಕ್ಕೊಂದು ತಾಗಿಸಿ ಕಿವಿಗೊಟ್ಟಳು. ಬೀಪ್ ತಡವಾದದ್ದನ್ನು ಪಕ್ಕಕ್ಕೆ ಸರಿಸಿದಳು. ವೈರನ್ನು ಬೆರಳಿಗೆ ಸುತ್ತಿ, ಬಿಟ್ಟು, ಗಟ್ಟಿಯಾಗಿ ಸೆಟೆದು ನಿಂತದ್ದನ್ನು ಪಕ್ಕಕ್ಕೆ ಸರಿಸಿದಳು. ಗಿರಾಕಿಗಳು ನಿಂತು ನೋಡತೊಡಗಿದರು. ನನ್ನ ಕಪಾಟು ಖಾಲಿಯಾಯಿತು.

"ಇಷ್ಟೇನಾ?"

"ಕೆಳಗಿನ ಶೆಲ್ಫಲ್ಲಿ ಒಂದುಂಟು," ಎಂದೆ. "ಅದನ್ನು ಯಾರೂ ಕೇಳುದಿಲ್ಲ."

ಬೂದು ಬಣ್ಣದ, ಅಂಗೈಯಲ್ಲಿ ಅಡಗುವ ಮೀಟರ್. ಬಟನ್ನು ಎರಡೇ. ಮೂರು ವರ್ಷದಿಂದ ಧೂಳು ತಿನ್ನುತ್ತಿತ್ತು. ಯಾರೂ ಕೇಳುವುದಿಲ್ಲ ಎಂಬುದೂ ಪೂರ್ತಿ ನಿಜವಲ್ಲ, ಕೇಳಿದವರನ್ನೂ ನಾನೇ ಬೇಡ ಎಂದು ತಪ್ಪಿಸಿದ್ದೆ. ಶಾಹೀದಾ ಅದರ ಧೂಳನ್ನು ಶಾಲಿನ ತುದಿಯಲ್ಲಿ ಒರೆಸಿದಳು. ವೈರು ದಪ್ಪವಿದ್ದರೂ ಮೆತ್ತಗಿತ್ತು. ಮುಚ್ಚಳ ಬಿಚ್ಚಿದರೆ ಒಳಗೆ ಕಿರುಬೆರಳಿನಷ್ಟು ಗಟ್ಟಿ ಫ್ಯೂಸು. ಕಡ್ಡಿ ತಾಗುವ ಮೊದಲೇ ಎಂಬಂತೆ ಬೀಪ್ ಬಂತು. ಅವಳ ಮುಖದಲ್ಲಿ ಅಂಥ ನಗು ನಾನು ಕಂಡು ಬಹಳ ಕಾಲವಾಗಿತ್ತು. ಚಿನ್ನದಂಗಡಿಯಲ್ಲೂ ಅವಳು ಹಾಗೆ ನಕ್ಕವಳಲ್ಲ.

ಗುರುವಾರ ಬೆಳಿಗ್ಗೆ ಶಾಲೆಯ ಗೇಟಿನ ಮುಂದೆ ಕಾರು ನಿಲ್ಲಿಸಿದೆ. ಮೀಟರ್ ಅವಳ ಅಬಾಯದ ಜೇಬಿನಲ್ಲಿತ್ತು, ಹೊರಗಿನಿಂದ ಗೊತ್ತೂ ಆಗುತ್ತಿರಲಿಲ್ಲ. ಅವಳು ಬಾಗಿಲಿಗೆ ಕೈ ಹಾಕಿದಳು. ನನ್ನ ಚೀಟಿಯನ್ನು ನಂಬಿ ಅವಳು ಸ್ವಿಚ್ ಆಫ್ ಮಾಡಿ ಆ ವೈರನ್ನು ಮುಟ್ಟಿದಂತೆ ಕಣ್ಣಿಗೆ ಕಟ್ಟಿತು. ಮರ್ಯಾದೆ ಅಲ್ಲಿಗೆ ಮುಗಿಯಿತು.

"ಶಾಹೀದಾ, ಮೂರನೇ ಬೆಂಚಿನ ಪ್ಲಗ್ಗಲ್ಲಿ ಒಂದು ಚೀಟಿ ಉಂಟು."

"ನಿಮಗೆ ಹೇಗೆ ಗೊತ್ತು?"

"ನಾನೇ ಅಂಟಿಸಿದ್ದು. ರಜೆಯಲ್ಲಿ. ಎರಡೂ ತೂತು ಉರೀತಿತ್ತು, ನ್ಯೂಟ್ರಲ್ ಇಲ್ಲ ಅಂತ ಬರೆದೆ."

ಅವಳು ಬಾಗಿಲಿನಿಂದ ಕೈ ತೆಗೆದಳು. "ಶುಕ್ರವಾರವೇ ಹೇಳ್ಲಿಕ್ಕೆ ಎಂತ ಆಗಿತ್ತು?"

"ನಾಚಿಕೆ ಆಗಿತ್ತು."

"ಈಗ?"

"ಈಗ ಹೆದರಿಕೆ ಆಗ್ತಾ ಉಂಟು. ಸ್ವಿಚ್ ಆಫ್ ಅಂತ ಮುಟ್ಬೇಡ ಮಾರಾಯ್ತಿ. ನಾನು ಬರೆದದ್ದು ತಪ್ಪು."

"ತಪ್ಪೋ ಸರಿಯೋ ಅಳೆದು ನೋಡ್ತೇನೆ," ಎಂದಳು. "ನೀವು ಆಗ ಹೇಳಿದ್ದನ್ನೂ ನಂಬುದಿಲ್ಲ, ಈಗ ಹೇಳಿದ್ದನ್ನೂ ನಂಬುದಿಲ್ಲ."

ಗೇಟು ಮುಚ್ಚಿತು. ನಾನು ಬಿಸಿಲಿನಲ್ಲಿ ನಾಲ್ಕು ಗಂಟೆ ಕಾದೆ. ಅಂಗಡಿಯಿಂದ ಆರು ಸಲ ಫೋನು ಬಂತು, ಎತ್ತಲಿಲ್ಲ. ಗೇಟಿನ ಮುದುಕ ಕಾವಲುಗಾರ ಒಂದು ಲೋಟ ಚಹಾ ಕೊಟ್ಟ. ಚೀಟಿಯಿಂದಾಗಿ ಕೆಲಸ ಕೈತಪ್ಪಿದರೆ ಎಂಬ ಯೋಚನೆ ಬಂದಾಗಲೆಲ್ಲ ಮಂಚದ ಮೇಲೆ ಬಾಯಿ ತೆರೆದುಕೊಂಡಿದ್ದ ಸೂಟ್‌ಕೇಸು ಕಾಣುತ್ತಿತ್ತು. ಅವಳೂ ಸಮೀಹಾಳೂ ಇಲ್ಲದೆ ಬದುಕಲು ನನಗೆ ಆಗುತ್ತಿರಲಿಲ್ಲ. ಇದನ್ನು ಅಷ್ಟು ದಿನ ಯಾರಿಗೂ ಹೇಳಿರಲಿಲ್ಲ, ನನಗೆ ನಾನೂ ಹೇಳಿಕೊಂಡಿರಲಿಲ್ಲ.

ಒಂದೂವರೆಗೆ ಅವಳು ಬಂದು ಕಾರಿನಲ್ಲಿ ಕೂತಳು. ಜೇಬಿನಿಂದ ಆ ಚೀಟಿ ತೆಗೆದು ಸ್ಟೀರಿಂಗಿನ ಮುಂದೆ ಇಟ್ಟಳು.

"ಸೀಲು ಚೆಂದ ಬಿದ್ದಿದೆ," ಎಂದಳು.

ಆಮೇಲೆ ನಡೆದದ್ದನ್ನು ಹೇಳಿದಳು. ಚಿತ್ರಾ ಮೇಡಂ ಮೂರನೇ ಬೆಂಚನ್ನೇ ತೋರಿಸಿದ್ದರಂತೆ. ಊರಿನಿಂದ ತರಿಸಿದ ಇನ್ನೂರಿಪ್ಪತ್ತರ ಉಪಕರಣಗಳೆಲ್ಲ ಆಗಸ್ಟಿನಿಂದ ಅಲ್ಲಿ ಸುಮ್ಮನೆ ಕೂತಿದ್ದವು, ಜನವರಿಯಲ್ಲಿ ಹನ್ನೆರಡನೇ ಕ್ಲಾಸಿನ ಪ್ರಾಕ್ಟಿಕಲ್ ಪರೀಕ್ಷೆ. ಶಾಹೀದಾ ಮೊದಲು ಸರಿಯಿದ್ದ ಇನ್ನೊಂದು ಪ್ಲಗ್ಗಿನಲ್ಲಿ ಅಳೆದಳು, ಆಮೇಲೆ ಚೀಟಿಯ ಪ್ಲಗ್ಗಿನಲ್ಲಿ, ಮತ್ತೆ ಮೊದಲಿನದರಲ್ಲಿ. ಚೀಟಿಯ ಪ್ಲಗ್ಗಿನಲ್ಲೂ ಇನ್ನೂರಿಪ್ಪತ್ತೊಂದು ಬಂತು. ಸ್ವಿಚ್ ಆಫ್ ಮಾಡಿ ಅರ್ತ್ ವೈರಿಗೆ ಅಳೆದಾಗ ಒಂದು ತೂತು ಸತ್ತಿತ್ತು, ಇನ್ನೊಂದರಲ್ಲಿ ನೂರಿಪ್ಪತ್ತೇಳು ಇತ್ತು. ಗೋಡೆ ಒಡೆಯುವುದು ಬೇಡ, ಸಡಿಲಾದ ಹಳೆಯ ಸ್ವಿಚ್ಚೇ ಕೈಕೊಡುತ್ತಿದ್ದದ್ದು, ಎರಡೂ ವೈರನ್ನು ಕಡಿಯುವ ಸ್ವಿಚ್ ಹಾಕಿಸಿದರೆ ಸಾಕು ಎಂದು ಬರೆದು ಕೊಟ್ಟಳು. ಹುಡುಗಿಯೊಬ್ಬಳು ಮೀಟರನ್ನು ಕೈಯಲ್ಲಿ ಹಿಡಿದು ನೋಡಬಹುದೇ ಎಂದು ಕೇಳಿದಳಂತೆ, ಹೇಗೆ ಹಿಡಿಯಬೇಕೆಂದು ತೋರಿಸಿ ಕೊಟ್ಟಳಂತೆ.

"ಚೀಟಿ ಯಾರದ್ದು ಅಂತ ಮೇಡಂ ಕೇಳ್ಲಿಲ್ಲವಾ?"

"ಕೇಳಿದ್ರು. ನನ್ನ ಗಂಡನದ್ದು ಅಂದೆ."

ನಾನು ಕಣ್ಣು ಮುಚ್ಚಿಕೊಂಡೆ.

"ಮೇಡಂ ಕುರ್ಚಿ ಹಿಡ್ಕೊಂಡು ನಕ್ಕರು. ಗಂಡ ಬರೆದದ್ದನ್ನೇ ಅಳೆದು ನೋಡುವವಳು ಲ್ಯಾಬಿಗೆ ಬೇಕೇ ಬೇಕು ಅಂದ್ರು. ಭಾನುವಾರದಿಂದ ಬರ್ಲಿಕ್ಕೆ ಹೇಳಿದ್ದಾರೆ. ಕಾಗದಪತ್ರ ಎಲ್ಲ ಶಾಲೆಯವರೇ ಮಾಡಿಸ್ತಾರಂತೆ."

ಅವಳು ನನ್ನತ್ತ ಕೈ ಚಾಚಿದಳು. ಹಿಡಿದುಕೊಳ್ಳಲು ಹೋದೆ.

"ಕೈ ಅಲ್ಲ. ಆ ಟೆಸ್ಟರ್ ಕೊಡಿ ಇಲ್ಲಿ."

ಜೇಬಿನಿಂದ ತೆಗೆದು ಕೊಟ್ಟೆ. ಅವಳು ಅದನ್ನು ಬ್ಯಾಗಿಗೆ ಹಾಕಿ ಝಿಪ್ ಎಳೆದಳು. ಆಮೇಲೆ ನನ್ನ ಕೈಯನ್ನೂ ಹಿಡಿದುಕೊಂಡಳು.

ಮನೆಗೆ ಬಂದವನೇ ನಾನು ಸೂಟ್‌ಕೇಸಿನ ಬಳಿ ಹೋದೆ. ಒಳಗೆ ಸಮೀಹಾ ಬಚ್ಚಿಟ್ಟಿದ್ದ ಎರಡು ಗೊಂಬೆಗಳನ್ನೂ ಶಾಹೀದಾಳ ಸರ್ಟಿಫಿಕೇಟನ್ನೂ ಹೊರಗೆ ತೆಗೆದೆ. ಖಾಲಿಯಾದ ಸೂಟ್‌ಕೇಸನ್ನು ಮುಚ್ಚಿ ಮತ್ತೆ ಕಪಾಟಿನ ಮೇಲೆ ಇಟ್ಟೆ.