ಹಗಲು ಹೊತ್ತಿನ ಖಗೋಳಜ್ಞ

ಬಕ್ಕೇಶಪ್ಪನವರು ಆಕಾಶವನ್ನು ನೋಡುತ್ತಿದ್ದುದು ಹಗಲಿನಲ್ಲಿ, ಅದೂ ತಲೆ ತಗ್ಗಿಸಿಕೊಂಡು. ರಾತ್ರಿ ಎಂಟೂವರೆಗೆಲ್ಲ ಉಂಡು ಮಲಗಿಬಿಡುವ ಈ ಮಹಾನುಭಾವರನ್ನು ಸಪ್ತರ್ಷಿ ಮಂಡಲ ಯಾವ ದಿಕ್ಕಿಗಿದೆಯೆಂದು ಯಾರಾದರೂ ಕೇಳಿದರೆ, ಪುಸ್ತಕ ನೋಡಿ ಹೇಳುತ್ತೇನೆ ಎಂದು ಯಾವ ಸಂಕೋಚವೂ ಇಲ್ಲದೆ ಹೇಳುತ್ತಿದ್ದರು. ದಾರಿಯಲ್ಲಿ ನಡೆಯುವಾಗಲೂ ದೃಷ್ಟಿ ನೆಲದ ಮೇಲೆಯೇ. ಕಂದು ಕೋಟಿನ ಬಲಜೇಬಿನಲ್ಲಿ ಭೂತಗನ್ನಡಿಯ ಭಾರ ಸದಾಕಾಲ ಇರುತ್ತಿದ್ದುದರಿಂದ ಕೋಟು ಆ ಕಡೆಗೆ ಜೋತುಬಿದ್ದು, ಒಳಗಿದ್ದ ಮನುಷ್ಯರೂ ಆ ಕಡೆಗೇ ವಾಲಿದ್ದಾರೇನೋ ಎಂದು ಹಿಂದೆ ಬರುವವರಿಗೆ ಅನ್ನಿಸುತ್ತಿತ್ತು. ಮುಂದಿನಿಂದ ನೋಡುವವರಿಗೆ ಮೊದಲು ಕಾಣುತ್ತಿದ್ದುದು ವಿಶಾಲವಾದ ಹಣೆ, ಅದರ ಮೇಲೆ ಧಾರಾಳವಾಗಿ ಎಳೆದ ವಿಭೂತಿಯ ಮೂರು ಪಟ್ಟೆ. ಸ್ನಾನ, ಲಿಂಗಪೂಜೆ, ವಿಭೂತಿ, ಈ ಮೂರೂ ಆಗದೆ ಅವರು ಯಾವ ಕೆಲಸಕ್ಕೂ ಕೂತವರಲ್ಲ.

ಮನೆ ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯಲ್ಲಿ, ನೌಕರಿ ಹರಿಹರದ ಕಾಲೇಜೊಂದರಲ್ಲಿ. ಅವರು ಭೌತಶಾಸ್ತ್ರ, ನಾನು ಕನ್ನಡ. ಹನ್ನೊಂದು ವರ್ಷ ಒಂದೇ ಬಸ್ಸಿನ ಒಂದೇ ಸೀಟಿನಲ್ಲಿ ಅವರ ಪಕ್ಕಕ್ಕೆ ಕೂತು ಓಡಾಡಿದ ಪುಣ್ಯ ನನ್ನದು. ಅವರ ಬಾಯಲ್ಲಿ ಹತ್ತು ಮಾತಿಗೊಮ್ಮೆ ಬರುತ್ತಿದ್ದ ಮಾತು, "ಇನ್ನೊಂದ್ಸಲ ನೋಡಾಣ ತಡೀರಿ." ಹಾಕಿದ ಬೀಗವನ್ನು ನೋಡಲು ಬೀದಿ ತುದಿಯಿಂದ ಹಿಂದಿರುಗುತ್ತಿದ್ದರು. ಉತ್ತರಪತ್ರಿಕೆಗಳನ್ನು ಎರಡೆರಡು ಸಲ ಓದುತ್ತಿದ್ದರು, ಎರಡನೆಯ ಸಲ ಅಂಕ ಹೆಚ್ಚುತ್ತಿತ್ತೇ ವಿನಾ ಇಳಿದದ್ದನ್ನು ನಾನು ಕಾಣೆ. ಮೊದಲ ನೋಟಕ್ಕೆ ಕಾಣದ್ದು ಎರಡನೆಯ ನೋಟಕ್ಕೆ ಕಾಣುತ್ತದೆ ಎಂಬುದು ಅವರ ಜೀವನಸಿದ್ಧಾಂತವಾಗಿತ್ತು, ಅದೇ ಕೊನೆಗೆ ಅವರನ್ನು ಸುಸ್ತು ಮಾಡಿತು.

ತೊಂಬತ್ತಾರರ ಬೇಸಿಗೆಯಲ್ಲಿ ದೂರದ ಸಂಶೋಧನಾ ಸಂಸ್ಥೆಯೊಂದು ಕಾಲೇಜು ಅಧ್ಯಾಪಕರಿಗೆ ನಡೆಸಿದ ತರಬೇತಿಗೆ ಅವರು ಹೋಗಿ ಬಂದರು. ಬಾಹ್ಯಾಕಾಶದಲ್ಲಿ ತೇಲುವ ದೂರದರ್ಶಕವೊಂದು ಹತ್ತು ದಿನ ಕಣ್ಣು ಕದಲಿಸದೆ ಆಕಾಶದ ಒಂದೇ ಮೂಲೆಯನ್ನು ದಿಟ್ಟಿಸಿ ತೆಗೆದ ಚಿತ್ರ ಅದೇ ವರ್ಷ ಜಗತ್ತಿಗೆಲ್ಲ ದೊರೆತಿತ್ತು. ತೋಳು ಚಾಚಿ ಹಿಡಿದ ಮರಳಿನ ಕಣವೊಂದು ಮರೆಮಾಡುವಷ್ಟು ಆಕಾಶದಲ್ಲಿ ಸುಮಾರು ಮೂರು ಸಾವಿರ ಗೆಲಾಕ್ಸಿಗಳು! ಆ ಚಿತ್ರದ ಫಿಲ್ಮನ್ನೂ, ಕಂಪ್ಯೂಟರು ಗುರುತಿಸಿದ ಗೆಲಾಕ್ಸಿಗಳ ಪಟ್ಟಿಯನ್ನೂ ಕೋಟಿನೊಳಗೆ ಅವಚಿಕೊಂಡು ಬಕ್ಕೇಶಪ್ಪನವರು ಊರಿಗೆ ಬಂದರು. ಹರಿಹರದ ಬಸ್ ನಿಲ್ದಾಣದ ಬಳಿ ಸ್ಟುಡಿಯೋ ಇಟ್ಟುಕೊಂಡು, ಮದುವೆ ಫೋಟೋಗಳಲ್ಲೇ ಕೂದಲು ಬೆಳ್ಳಗೆ ಮಾಡಿಕೊಂಡಿದ್ದ ಮಕ್ತುಮ್ ಸಾಬರು ಆ ಫಿಲ್ಮನ್ನು ತುಂಡು ತುಂಡಾಗಿ ದೊಡ್ಡದು ಮಾಡಿ, ಇಪ್ಪತ್ತನಾಲ್ಕು ಹೊಳೆಯುವ ಕಪ್ಪು ಹಾಳೆಗಳನ್ನಾಗಿ ಕೊಟ್ಟರು. ಕಪ್ಪಿನ ಮೇಲೆಲ್ಲ ಬಿಳಿಯ ಚುಕ್ಕೆ.

ಯಂತ್ರದ ಕಣ್ಣಿಗೆ ತಪ್ಪಿಹೋದ ಮಸುಕು ಗೆಲಾಕ್ಸಿಗಳು ಮನುಷ್ಯನ ಕಣ್ಣಿಗೆ ಸಿಕ್ಕಾವು ಎಂಬುದು ಅವರ ನಂಬಿಕೆ. ರಜೆಯ ದಿನಗಳಲ್ಲಿ ಪೂಜೆ ಮುಗಿಸಿ, ನಡುಮನೆಯ ಕಿಟಕಿಯ ಬೆಳಕಿಗೆ ಹಾಳೆ ಹಾಸಿ, ಗಾಳಿಗೆ ಹಾಳೆ ಹಾರೀತೆಂದು ಫ್ಯಾನು ನಿಲ್ಲಿಸಿ, ದಾವಣಗೆರೆಯ ಬಿಸಿಲಿನಲ್ಲಿ ಬೆವರುತ್ತ, ಭೂತಗನ್ನಡಿಯ ಮೇಲೆ ಹಣೆಯೇ ತಾಗುವಂತೆ ಬಾಗಿ ಎಣಿಸುತ್ತಿದ್ದರು. ಎಣಿಸಿದ್ದನ್ನು ಮತ್ತೊಮ್ಮೆ ಎಣಿಸುತ್ತಿದ್ದರು. ಎರಡನೆಯ ಎಣಿಕೆಯಲ್ಲಿ ಪ್ರತಿ ಸಲವೂ ಒಂದೆರಡು ಹೆಚ್ಚಿಗೆ ಸಿಗುತ್ತಿದ್ದವು. ಪಟ್ಟಿಯಲ್ಲಿಲ್ಲದ ಅವನ್ನು 'ಹೊಸವು' ಎಂಬ ತಲೆಬರಹದಡಿ ಕೆಂಪು ಶಾಯಿಯಲ್ಲಿ ಬರೆದಿಡುತ್ತಿದ್ದರು. ದಾವಣಗೆರೆ ಜಿಲ್ಲೆಯಾಗಿ ಊರೆಲ್ಲ ಪಟಾಕಿ ಹೊಡೆದ ದಿನ ನೂರಾ ಅರವತ್ತಾಗಿದ್ದವು, ಮರುವರ್ಷದ ಶಿವರಾತ್ರಿಯ ಹೊತ್ತಿಗೆ ಇನ್ನೂರಾ ಹನ್ನೆರಡು.

ಮೂವತ್ತಮೂರು ವರ್ಷ ಇನ್ನೊಬ್ಬರು ಕಂಡುಹಿಡಿದದ್ದನ್ನೇ ಬೋರ್ಡಿನ ಮೇಲೆ ಬರೆದು ಒರೆಸಿದ ಮನುಷ್ಯರಿಗೆ ಈ ಇನ್ನೂರಾ ಹನ್ನೆರಡು ಎಂಥ ಸ್ವತ್ತಾಗಿತ್ತೆಂದು ನಾನು ಬಲ್ಲೆ. ಆ ವರ್ಷವೇ ಅವರ ನಿವೃತ್ತಿ. ಯಾವ ಹಾಳೆಯಲ್ಲಿ ಯಾವುದು ಎಲ್ಲಿದೆಯೆಂದು ಗುರುತು ಹಾಕಿ ಸಂಸ್ಥೆಗೆ ಬರೆದರು, ಮೇ ತಿಂಗಳ ಸಭೆಯಲ್ಲಿ ಬಂದು ಪ್ರಬಂಧ ಓದಬೇಕೆಂದು ಅಲ್ಲಿಂದ ಪತ್ರ ಬಂತು. ಪತ್ರದ ಕೊನೆಗೆ ಯಾರೋ ತರುಣ ವಿಜ್ಞಾನಿ ಒಂದು ಪ್ರಶ್ನೆ ಕೇಳಿದ್ದ: ಹೊಸ ಗೆಲಾಕ್ಸಿಗಳೆಲ್ಲ ಪ್ರತಿ ಹಾಳೆಯ ನಟ್ಟನಡುವೆಯೇ ಹೆಚ್ಚಾಗಿರುವುದೇಕೆ? ಬಕ್ಕೇಶಪ್ಪನವರು ಬಸ್ಸಿನಲ್ಲಿ ಅದನ್ನು ನನಗೆ ಮೂರು ಸಲ ಓದಿ ಹೇಳಿದರು. ಕಾಲೇಜು ಸನ್ಮಾನಕ್ಕೆ ದಿನ ಗೊತ್ತುಮಾಡಿತು, ಅವರ ಮನೆಯವರು ದ್ರಾಕ್ಷಾಯಣಮ್ಮನವರು ಬಳಗಕ್ಕೆಲ್ಲ ಸುದ್ದಿ ಮುಟ್ಟಿಸಿದರು, ಕೋಟಿನ ಮೊಣಕೈಗೆ ಹೊಸ ಬಟ್ಟೆ ಹಚ್ಚಿಸಿದ್ದೂ ಆಯಿತು.

ಯುಗಾದಿಗೆ ಮುಂಚೆ ನಮ್ಮ ಕಡೆ ಮನೆಯ ಸೂರಿನಿಂದ ಹೊಸ್ತಿಲವರೆಗೆ ಗುಡಿಸಿ ಒರೆಸುವ ವಾಡಿಕೆ. ಎರಡು ವರ್ಷದಿಂದ ಅವರನ್ನು ಬಿಟ್ಟು ಬೇರೆ ಯಾರೂ ಮುಟ್ಟದಿದ್ದ ಹಾಳೆಗಳ ಪೈಕಿ ಒಂಬತ್ತನೆಯದು ಕಿಟಕಿಯ ಬಳಿ ಹಾಗೇ ಬಿದ್ದಿತ್ತು, ದ್ರಾಕ್ಷಾಯಣಮ್ಮನವರು ಒದ್ದೆ ಬಟ್ಟೆಯಲ್ಲಿ ಅದನ್ನೂ ಒರೆಸಿಬಿಟ್ಟರು. ಬಕ್ಕೇಶಪ್ಪನವರು ಜೀವಮಾನದಲ್ಲಿ ಮೊದಲ ಬಾರಿ ಹೆಂಡತಿಯ ಮೇಲೆ ರೇಗಿದರಂತೆ. ಏನು ಹಾಳಾಯಿತೋ ನೋಡಲೆಂದು ಎಣಿಸಲು ಕೂತರು. ಹನ್ನೊಂದು ಗೆಲಾಕ್ಸಿಗಳು ಇರಲಿಲ್ಲ. ಪಟ್ಟಿಯಲ್ಲಿದ್ದದ್ದು ಒಂದೂ ಹೋಗಿರಲಿಲ್ಲ, ಹೋದವೆಲ್ಲ ಕೆಂಪು ಶಾಯಿಯವು. ಬೆರಳಿನಿಂದ ಬೆವೆತ ಹಣೆಯನ್ನು ಮುಟ್ಟಿ, ಆ ಬೆರಳನ್ನು ಹಾಳೆಯ ಮೇಲೆ ಮೆಲ್ಲನೆ ಕೊಡವಿ, ಭೂತಗನ್ನಡಿ ಹಿಡಿದು ನೋಡಿದರು. ಹಾಳೆಯ ನಟ್ಟನಡುವೆ ಮಸುಕಾದ ಎರಡು ಹೊಸ ಗೆಲಾಕ್ಸಿಗಳು ಹುಟ್ಟಿದ್ದವು.

ಯಾರಿಗೂ ಕೂಗಿ ಹೇಳಲಿಲ್ಲ. ಅಡುಗೆಮನೆಗೆ ಹೋಗಿ ಒದ್ದೆ ಬಟ್ಟೆ ಕೇಳಿ ತಂದು ಉಳಿದ ಇಪ್ಪತ್ತಮೂರು ಹಾಳೆಗಳನ್ನೂ ತಾವೇ ಒರೆಸಿದರು. ದ್ರಾಕ್ಷಾಯಣಮ್ಮನವರಿಗೆ ವಿಷಯ ಅರ್ಥವಾಗಲು ಬಹಳ ಹೊತ್ತು ಬೇಕಾಗಲಿಲ್ಲ. ಅವರು ಬಾಗಿಲಲ್ಲಿ ನಿಂತು, "ಒರೆಸಿದಾಕಿ ನಾನು. ನಂಗೊಬ್ಬಾಕಿಗೇ ಗೊತ್ತೈತೆ. ಸುಮ್ನೆ ಹೋಗಿ ಓದಿ ಬರ್ರಿ" ಎಂದರಂತೆ.

"ಈಗ ನಂಗೂ ಗೊತ್ತಾತಲ್ಲ" ಎಂದರಂತೆ ಇವರು.

ಮಾರನೆಯ ದಿನ ಬಸ್ಸಿನಲ್ಲಿ ಇದನ್ನೆಲ್ಲ ಕೇಳಿ ನನಗೆ ಸಿಟ್ಟು ಬಂತು. ಅಷ್ಟೊಂದು ಬುದ್ಧಿವಂತರಿಗೆ ಇಷ್ಟು ತಿಳಿಯಲಿಲ್ಲವೇ ಎಂದು ಸಿಟ್ಟು. ತಿಳಿದ ಮೇಲೆ ಬಾಯಿ ಮುಚ್ಚಿಕೊಂಡಿರಬಾರದೇ ಎಂದು ಅದಕ್ಕಿಂತ ಹೆಚ್ಚಿನ ಸಿಟ್ಟು. ಹಾಳೆಗಳು ಮಳೆಗೆ ನೆನೆದು ಹಾಳಾದವು ಎಂದು ಬರೆಯಿರಿ, ಮಾನ ಉಳಿಯುತ್ತದೆ ಎಂದು ನಾನು ಸಲಹೆ ಕೊಟ್ಟೆ. ಕನ್ನಡದ ಮೇಷ್ಟ್ರಾಗಿ ಕಥೆ ಕಟ್ಟುವುದನ್ನು ಬಿಟ್ಟು ನನಗೇನು ಬರುತ್ತಿತ್ತು!

ಮೂರು ವಾರ ಮತ್ತೆ ಎಣಿಸಿದರು, ಈ ಸಲ ಹಣೆಗೆ ಬಿಳಿ ಟವೆಲು ಸುತ್ತಿಕೊಂಡು. ವಿಭೂತಿ ಮಾತ್ರ ಬಿಡಲಿಲ್ಲ. ಇನ್ನೂರಾ ಹನ್ನೆರಡರಲ್ಲಿ ಒಂದೇ ಒಂದು ಉಳಿಯಿತು. ಹದಿನೇಳನೆಯ ಹಾಳೆಯ ಮೂಲೆಯಲ್ಲಿತ್ತು ಅದು, ಎಷ್ಟು ಒರೆಸಿದರೂ ಹೋಗಲಿಲ್ಲ. ಒಂದಾದರೂ ಸಿಕ್ಕಿತಲ್ಲ, ಸಾಕು ಎಂದು ನಾನಂದೆ. "ಇನ್ನೊಂದ್ಸಲ ನೋಡಾಣ ತಡೀರಿ" ಎಂದು ನನ್ನನ್ನೂ ಕರೆದುಕೊಂಡು ಸ್ಟುಡಿಯೋಗೆ ಹೋದರು. ಮಕ್ತುಮ್ ಸಾಬರು ಅದೇ ತುಂಡನ್ನು ಮತ್ತೆ ದೊಡ್ಡದು ಮಾಡಿ, ಕತ್ತಲೆ ಕೋಣೆಯಿಂದ ಹಸಿ ಹಾಳೆ ಹಿಡಿದು ಹೊರಗೆ ಬಂದವರು ನಮ್ಮ ಮುಖ ನೋಡಲಾರದೆ ಹೇಳಿದರು: "ಮಾಫ್ ಮಾಡ್ರಿ ಸರ್. ಅದು ನಮ್ಮ ಮಶೀನಿನ ಧೂಳು. ಇದ್ರಾಗೆ ಇಲ್ಲ." ಬಕ್ಕೇಶಪ್ಪನವರು ಸಾಬರ ಹೆಗಲು ತಟ್ಟಿ, ಚಹಾ ಕುಡಿಯೋಣ ಬರ್ರಿ ಎಂದರು.

ಸಂಸ್ಥೆಗೆ ಪತ್ರ ಬರೆದರು. ಈಬತ್ತಿ ಅಂತ ಬರೀಬ್ಯಾಡ್ರಿ, ಬರೇ ಧೂಳು ಅಂತ ಬರೀರಿ ಎಂದು ದ್ರಾಕ್ಷಾಯಣಮ್ಮನವರು ಬೇಡಿಕೊಂಡರೂ ಕೇಳಲಿಲ್ಲ. ಹೊಸವೆಂದು ನಾನು ತಿಳಿಸಿದ್ದೆಲ್ಲ ನನ್ನ ಹಣೆಯ ಭಸ್ಮ ಮತ್ತು ಒಂದು ಧೂಳಿನ ಕಣ, ತಾವು ಕೊಟ್ಟ ಪಟ್ಟಿಯೇ ಸರಿಯಾಗಿದೆ ಎಂದು ಬರೆದು, ಎರಡು ಸಲ ಓದಿ, ಅಂಚೆಗೆ ಹಾಕಿದರು. ಅಲ್ಲಿಂದ ಎರಡು ಸಾಲಿನ ವಂದನೆ ಬಂತು. ಸನ್ಮಾನ ನಿಂತಿತು. ಸ್ಟಾಫ್ ರೂಮಿನಲ್ಲಿ ಕೆಲದಿನ ನಗೆಯಾಡಿದರು, ಆಮೇಲೆ ಅದೂ ಸಾಕಾಯಿತು. ಸೆಪ್ಟೆಂಬರಿನಲ್ಲಿ ನಿವೃತ್ತರಾಗಿ ಕೊನೆಯ ಸಲ ಬಸ್ಸಿನಿಂದಿಳಿದಾಗ, ದಣಿವಾಗಿದೆಯೇ ಎಂದು ಕೇಳಿದೆ. "ಭಾಳ ದಣಿವಾಗೈತ್ರಿ" ಎಂದರು. ಕೋಟು ಎಂದಿನಂತೆ ಬಲಕ್ಕೆ ಜೋತುಬಿದ್ದಿತ್ತು.

ಲೋಕದ ತಿಳಿವಳಿಕೆಗೆ ಏನನ್ನಾದರೂ ಸೇರಿಸಿದವರ ಹೆಸರು ಪುಸ್ತಕಗಳಲ್ಲಿ ಬರುತ್ತದೆ, ಅದು ನ್ಯಾಯವೇ. ಆದರೆ ಏನನ್ನೂ ಸೇರಿಸಲಾಗದೆ, ತಮ್ಮ ಕೈಯಿಂದ ಸುಳ್ಳಾಗಿ ಸೇರಿಹೋದದ್ದನ್ನು ಒದ್ದೆ ಬಟ್ಟೆ ಹಿಡಿದು ತಾವೇ ಒರೆಸಿ, ಸುಸ್ತಾಗಿ ಮನೆಗೆ ಹೋದವರೂ ಇದ್ದಾರೆ. ಅಂಥವರು ಹೋದ ಮೇಲೆ ಅವರಿಂದ ಏನು ಉಳಿಯಿತೆಂದು ತೋರಿಸುವುದಕ್ಕೆ ಏನೂ ಇರುವುದಿಲ್ಲ. ಆಕಾಶ ಮಾತ್ರ ಇದ್ದಷ್ಟೇ ಇರುತ್ತದೆ.