ಮೊದಲ ಗೆಲುವು

"ಸರ್, ಇದು ಫಸ್ಟ್ ಹಾಫಾ?"

ಅನ್ಸಿಫ್ ಕೇಳಿದ್ದು ಇಷ್ಟೇ. ಗೋಲ್ ಕಂಬದ ಬುಡದಲ್ಲಿ ಕೂತು, ಗ್ಲೌಸು ಹಾಕಿದ ಕೈಯಿಂದ ತಲೆ ಒತ್ತಿಕೊಂಡಿದ್ದ. ಎದುರಾಳಿ ಹುಡುಗನ ಮೊಣಕಾಲು ಬಡಿದಲ್ಲಿ, ಕಿವಿಯ ಮೇಲ್ಗಡೆ, ಕೆಂಪಗೆ ಉಬ್ಬಿತ್ತು. ಆಟ ಮುಗಿಯಲು ಹತ್ತು ನಿಮಿಷ ಬಾಕಿ. ನೀರಿನ ಬಾಟಲಿ ಹಿಡಿದು ಬಾಗಿದ್ದ ಕೋಚ್ ಕೀರ್ತನ್‌ಗೆ ಪ್ರಶ್ನೆ ಸ್ಪಷ್ಟವಾಗಿಯೇ ಕೇಳಿಸಿತು.

ಅದು ಯೂನಿವರ್ಸಿಟಿಯ ಮೊದಲ ಫುಟ್‌ಬಾಲ್ ತಂಡ, ಮೊದಲ ಸೀಸನ್ನು. ಅಬುಧಾಬಿಯಲ್ಲಿ ಶುರುವಾಗಿ ಇನ್ನೂ ನಾಲ್ಕೇ ವರ್ಷವಾಗಿದ್ದ ಖಾಸಗಿ ಯೂನಿವರ್ಸಿಟಿ ಅದು. ಅಂಕಿಅಂಶಶಾಸ್ತ್ರ ಕಲಿಸುವ ಕೀರ್ತನ್ ಒಂದಾನೊಂದು ಕಾಲದಲ್ಲಿ ಕಾರ್ಕಳದ ಕಾಲೇಜಿಗೆ ಆಡಿದ್ದ ಎಂಬ ಕಾರಣಕ್ಕೆ ತಂಡವನ್ನು ಅವನ ತಲೆಗೆ ಕಟ್ಟಿದ್ದರು. ನವೆಂಬರಿನ ಮೊದಲ ಪಂದ್ಯದಲ್ಲಿ ಏಳು ಗೋಲು ತಿಂದರು, ಎರಡನೆಯದರಲ್ಲಿ ಐದು. ಐದು ಪಂದ್ಯ ಕಳೆದರೂ ಒಂದೇ ಒಂದು ಗೋಲು ಹೊಡೆಯಲಾಗಲಿಲ್ಲ. ಕ್ಯಾಂಟೀನಿನಲ್ಲಿ ಹುಡುಗರು ತಂಡಕ್ಕೆ 'ಮಾಫಿ ಗೋಲ್', ಅರಬಿಯಲ್ಲಿ ಗೋಲೇ ಇಲ್ಲ, ಎಂದು ಹೆಸರಿಟ್ಟರು. ಕೀರ್ತನ್ ಚಹಾಕ್ಕೆ ಹೋದಾಗ ಆ ಮಾತು ತುಸು ತಡವಾಗಿ ನಿಲ್ಲುತ್ತಿತ್ತು. ಮುಂದಿನ ವರ್ಷ ತಂಡ ಬೇಕೋ ಬೇಡವೋ ಯೋಚಿಸೋಣ ಎಂದು ಡೀನ್ ನಗುತ್ತಲೇ ಹೇಳಿದ್ದರು.

ಈಗ ದುಬೈಯ ಊದ್ ಮೇಥಾದ ಬಾಡಿಗೆ ಮೈದಾನದಲ್ಲಿ, ಸೀಸನ್ನಿನ ಕೊನೆಯ ಪಂದ್ಯದಲ್ಲಿ, ಅವರು ಒಂದು ಗೋಲಿನಿಂದ ಮುಂದಿದ್ದರು. ಇನ್ನೊಬ್ಬ ಗೋಲ್‌ಕೀಪರ್ ಇಂಟರ್ನ್‌ಶಿಪ್ ಎಂದು ಬಂದಿರಲಿಲ್ಲ.

"ಕೋಚ್, ಈಸ್ ಹಿ ಓಕೆ?" ರೆಫರಿ ಗಡಿಯಾರ ನೋಡುತ್ತ ಕೇಳಿದ.

ಕೀರ್ತನ್ ಹುಡುಗನ ಮುಖದ ಹತ್ತಿರ ಬಗ್ಗಿದ. ರೆಫರಿಗೆ ಅರ್ಥವಾಗದಿರಲಿ ಎಂದು, ಇಬ್ಬರಿಗೂ ಗೊತ್ತಿದ್ದ ತುಳುವಿನಲ್ಲಿ, ಇನ್ನು ಹತ್ತೇ ನಿಮಿಷ, ಆಗುತ್ತದಾ ಎಂದು ಕೇಳಿದ. "ಪತ್ತ್ ನಿಮಿಷ ಮಾತ್ರ. ಆಪುಂಡಾ?"

ಅನ್ಸಿಫ್ ಸ್ವಲ್ಪ ಹೊತ್ತು ಅವನನ್ನೇ ನೋಡಿದ. ಎಲ್ಲಿಂದಲೋ ಉತ್ತರವನ್ನು ಹುಡುಕಿ ತಂದವನಂತೆ, "ಆಪುಂಡು ಸರ್," ಎಂದ.

"ಓಕೆ," ಎಂದ ಕೀರ್ತನ್, ರೆಫರಿಗೆ.

ಆ ಹತ್ತು ನಿಮಿಷದಲ್ಲಿ ಅನ್ಸಿಫ್ ಎರಡು ಬಾರಿ ಹಾರಿ ಬಿದ್ದ. ಒಮ್ಮೆ ಚೆಂಡು ಅವನ ಎದೆಗೆ ಸಿಕ್ಕಿತು, ಇನ್ನೊಮ್ಮೆ ಕಂಬಕ್ಕೆ ಬಡಿದು ಆಚೆ ಹೋಯಿತು. ಸೀಟಿ ಊದಿದಾಗ ಹುಡುಗರು ಅವನನ್ನು ಹೆಗಲ ಮೇಲೆ ಎತ್ತಿ ಕುಣಿಸಿದರು. ಕೀರ್ತನ್ ಫೋಟೋ ತೆಗೆದ.

ಅಬುಧಾಬಿಗೆ ಮರಳುವ ಬಸ್ಸಿನಲ್ಲಿ ಹಾಡು, ಸೀಟು ಬಡಿಯುವ ಸದ್ದು. ಜಬೆಲ್ ಅಲಿ ದಾಟುವಾಗ ಅನ್ಸಿಫ್ ಪ್ಲಾಸ್ಟಿಕ್ ಚೀಲದಲ್ಲಿ ವಾಂತಿ ಮಾಡಿಕೊಂಡ. ಬಿಸಿಲು ತಾಗಿರಬೇಕು ಎಂದು ಯಾರೋ ಅಂದರು. ಫೆಬ್ರವರಿಯ ಸಂಜೆಯಲ್ಲಿ ಎಂಥ ಬಿಸಿಲು ಎಂದು ಕೀರ್ತನ್‌ಗೆ ಅನಿಸಿತು. ಅನಿಸಿದರೂ ಕೈ ಡೀನ್‌ಗೆ ಫೋಟೋ ಕಳಿಸುತ್ತಿತ್ತು. ಎರಡನೆಯ ಸಲ ವಾಂತಿಯಾಗಿ, ಹುಡುಗ ಪಕ್ಕದವನ ಹೆಸರು ಹೇಳಲು ತಡವರಿಸಿದಾಗ ಮಾತ್ರ ಅವನು ಎದ್ದು ಹೋಗಿ ಡ್ರೈವರನಿಗೆ ಸೀದಾ ಆಸ್ಪತ್ರೆಗೆ ನಡೆ ಎಂದ.

ತಲೆಯೊಳಗೆ ಸಣ್ಣದಾಗಿ ರಕ್ತ ಒಸರಿತ್ತು. ಆಪರೇಷನ್ ಬೇಕಾಗಲಿಲ್ಲ. ಪೆಟ್ಟು ಬಿದ್ದ ಮೇಲೂ ಆಡಲು ಬಿಟ್ಟವರು ಯಾರು ಎಂದು ಡಾಕ್ಟರ್ ಕೇಳಿದಳು. ಕಾರಿಡಾರಿನಲ್ಲಿ ನಿಂತಿದ್ದ ಯಾರೂ ಉತ್ತರಿಸಲಿಲ್ಲ. ಕೀರ್ತನ್ ಕೂಡ.

ವಾರದ ನಂತರ ವಿದ್ಯಾರ್ಥಿ ವಿಭಾಗದ ಅಪೊಲೊನಿಯಾ ಮೇಡಂ ಅವನನ್ನು ಕರೆದು ಎರಡು ಹಾಳೆ ಮುಂದಿಟ್ಟರು. "ಹುಡುಗನೇ ಬರೆದು ಕೊಟ್ಟಿದ್ದಾನೆ. ನೀವು ಎರಡು ಸಲ ಕೇಳಿದ್ರಿ, ಅವನೇ ಏನಾಗ್ಲಿಲ್ಲ ಅಂತ ಸುಳ್ಳು ಹೇಳಿದ್ದಂತೆ. ಹೌದಲ್ಲಾ?"

ಅನ್ಸಿಫ್‌ನ ಹಾಳೆಯಲ್ಲಿ ಅಕ್ಷರಗಳು ಕೆಳಗೆ ಜಾರಿದ್ದವು. ಕೀರ್ತನ್ ಹೌದು ಎನ್ನಲಿಲ್ಲ. ಪೆನ್ನು ತೆಗೆದು, ಎರಡನೇ ಹಾಳೆಯಲ್ಲಿ, ಹುಡುಗನ ಹೇಳಿಕೆ ನಿಜ ಎಂಬ ಸಾಲಿನ ಕೆಳಗೆ ಅವರು ತೋರಿಸಿದಲ್ಲಿ ಸಹಿ ಹಾಕಿದ.

ಮೂರು ದಿನ ಅಲ್ ರೀಮ್ ದ್ವೀಪದ ತನ್ನ ಮನೆಯಲ್ಲಿ ಅವನು ಸರಿಯಾಗಿ ಊಟ ಮಾಡಲಿಲ್ಲ. "ಹುಷಾರಿಲ್ವಾ?" ಎಂದು ಹೆಂಡತಿ ದೀಕ್ಷಿತಾ ಕೇಳಿದಳು. ಅವಳಿಗೂ ಹೇಳಲಾಗಲಿಲ್ಲ. ಶನಿವಾರ ಬೆಳಿಗ್ಗೆ ಒಂದು ಬುಟ್ಟಿ ಹಣ್ಣು ತೆಗೆದುಕೊಂಡು ಹಮ್ದಾನ್ ಸ್ಟ್ರೀಟಿನಲ್ಲಿ ಅನ್ಸಿಫ್‌ನ ಮನೆಯಿದ್ದ ಹಳೆಯ ಕಟ್ಟಡದ ಐದನೇ ಮಹಡಿಗೆ ಹೋದ. ಹೊಸ್ತಿಲಲ್ಲಿ ಶೂ ಬಿಚ್ಚುವಾಗ ಹಣ್ಣಿನ ಬುಟ್ಟಿಯ ಬಣ್ಣದ ರಿಬ್ಬನ್ನು ನೋಡಿ, ಹುಟ್ಟುಹಬ್ಬಕ್ಕೆ ಬಂದವನಂತೆ ಕಂಡೆನಲ್ಲ ಎನಿಸಿತು.

ಬಾಗಿಲು ತೆರೆದವಳು ಅನ್ಸಿಫ್‌ನ ತಾಯಿ ಮುನೀರಾ. ಹಗಲಾದರೂ ಒಳಗೆ ಪರದೆಗಳೆಲ್ಲ ಮುಚ್ಚಿದ್ದವು.

"ಬೆಳಕು ಆಗುದಿಲ್ಲ ಅವನಿಗೆ. ಕೂತ್ಕೊಳ್ಳಿ ಸರ್. ಇವರು ಅಂಗಡಿಗೆ ಹೋಗಿದ್ದಾರೆ." ಚಹಾ ತಂದಿಟ್ಟು ಎದುರಿಗೆ ಕೂತಳು. "ನಮ್ದು ಕಾಪು. ನೀವು ಕಾರ್ಕಳದವರು ಅಂತ ಇವ ಯಾವಾಗ್ಲೂ ಹೇಳ್ತಿದ್ದ. ಈ ಸೆಮಿಸ್ಟರ್ ಬಿಡ್ಬೇಕಂತೆ, ಓದ್ಲಿಕ್ಕೆ ಆಗುದಿಲ್ಲ. ಅದು ಇರ್ಲಿ. ಇವ ಮಾಡಿದ್ದಕ್ಕೆ ನಾನು ನಿಮ್ಮತ್ರ ಮಾಪು ಕೇಳ್ಬೇಕು."

"ನನ್ನತ್ರ ಯಾಕೆ?"

"ಪೆಟ್ಟಾದದ್ದನ್ನು ಅಡಗಿಸಿದ್ದಲ್ವಾ? ನಿಮಗೆ ಕಾಲೇಜಲ್ಲಿ ಎಷ್ಟು ಮಾತು ಕೇಳ್ಬೇಕಾಯ್ತೋ. ಆಸ್ಪತ್ರೆಗೆ ಹೊತ್ಕೊಂಡು ಹೋದದ್ದು ಕೂಡ ನೀವೇ. ದಿನಾ ನಮಾಜಿನಲ್ಲಿ ನಿಮ್ಮ ಹೆಸರು ಹೇಳ್ತೇನೆ ಸರ್."

ಕೀರ್ತನ್ ಲೋಟವನ್ನು ಕೆಳಗಿಟ್ಟ.

"ಅವ ಅಡಗಿಸ್ಲಿಲ್ಲ. ನನಗೆ ಗೊತ್ತಿತ್ತು."

"ಎಂತ ಗೊತ್ತಿತ್ತು?"

"ಇದು ಫಸ್ಟ್ ಹಾಫಾ ಅಂತ ಕೇಳಿದ. ಆಟ ಮುಗೀಲಿಕ್ಕೆ ಬಂದಿತ್ತು. ತಲೆಗೆ ಆಗಿದೆ ಅಂತ ನನಗೆ ಆಗ್ಲೇ ಗೊತ್ತಾಯ್ತು. ಆದ್ರೂ ಅವನನ್ನೇ ಗೋಲಲ್ಲಿ ನಿಲ್ಲಿಸಿದೆ."

ಮುನೀರಾ ತಲೆಯ ಮೇಲಿನ ಬಟ್ಟೆಯ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. "ಯಾಕೆ?"

"ಗೆಲ್ತಾ ಇದ್ವಿ."

"ಒಂದು ಗೋಲಿಗಾ?"

"ಒಂದು ಗೋಲಿಗೆ."

ಒಳಕೋಣೆಯ ಬಾಗಿಲಲ್ಲಿ ಅನ್ಸಿಫ್ ಬಂದು ನಿಂತಿದ್ದ. ಕಪ್ಪು ಕನ್ನಡಕ, ಗೋಡೆಯ ಮೇಲೆ ಒಂದು ಕೈ. "ವೈ ಡಿಡ್ ಯು ಸೇ ಇಟ್, ಸರ್? ಐ ಆಲ್ರೆಡಿ ಟೋಲ್ಡ್ ದೆಮ್."

"ನೀನು ನನ್ನತ್ರ ಕೂಡ ಸುಳ್ಳು ಹೇಳಿದಿ, ಮೋನೆ," ಎಂದಳು ತಾಯಿ.

"ಸ್ಕೂಲಲ್ಲಿ ನನ್ನನ್ನು ಯಾರೂ ಟೀಮಿಗೆ ತಗೊಳ್ಳಿಲ್ಲ ಉಮ್ಮ. ಸರ್ ತಗೊಂಡ್ರು." ಅವನು ಗೋಡೆಗೆ ಒರಗಿದ. "ಅವರಿಗೆ ಕೆಲ್ಸ ಹೋಗ್ಬಾರ್ದು ಅಂತ."

ಕೀರ್ತನ್ ತಲೆ ತಗ್ಗಿಸಿದ. ಚಹಾದ ಮೇಲೆ ಕೆನೆ ಕಟ್ಟತೊಡಗಿತ್ತು. "ಸೋಮವಾರ ಬರೆದು ಕೊಡ್ತೇನೆ. ನಡೆದದ್ದನ್ನು ನಡೆದ ಹಾಗೆಯೇ."

"ಬರೀರಿ," ಎಂದಳು ಮುನೀರಾ. "ನನಗೋಸ್ಕರ ಬರಿಯುದು ಬೇಡ."

ಅವನು ಬರೆದುಕೊಟ್ಟ. ತಂಡವನ್ನು ಅವನಿಂದ ತೆಗೆದುಕೊಂಡರು, ಫೈಲಿಗೆ ಒಂದು ಪತ್ರ ಸೇರಿತು, ಕೆಲಸ ಮಾತ್ರ ಉಳಿಯಿತು. ಅಷ್ಟಕ್ಕೇ ಮುಗಿಯಿತಲ್ಲ ಎಂದು ಸಹೋದ್ಯೋಗಿಗಳು ಸಮಾಧಾನ ಹೇಳಿದಾಗ ಅವನಿಗೆ ಮುಖ ಎತ್ತಲಾಗಲಿಲ್ಲ. ಆದರೆ ಅದೆಲ್ಲ ಆಮೇಲಿನ ಮಾತು.

ಆ ದಿನ ಮುನೀರಾ ಬಾಗಿಲವರೆಗೆ ಬಂದಳು. ಇನ್ನೊಮ್ಮೆ ಬನ್ನಿ ಎನ್ನಲಿಲ್ಲ. ಕೀರ್ತನ್ ಹೊರಗೆ ಕಾರಿಡಾರಿನಲ್ಲಿ ಕುಕ್ಕರುಗಾಲಿನಲ್ಲಿ ಕೂತು ಶೂ ಲೇಸು ಕಟ್ಟತೊಡಗಿದ. ಮೇಲಿನ ಟ್ಯೂಬ್‌ಲೈಟಿನ ಬೆಳಕು ತೆರೆದ ಬಾಗಿಲಿನಿಂದ ಒಳಗೆ ಬಿದ್ದು, ಅನ್ಸಿಫ್ ಅಂಗೈಯನ್ನು ಕಣ್ಣಿಗೆ ಅಡ್ಡ ಹಿಡಿದ. ಮುನೀರಾ ಅದನ್ನು ನೋಡಿದಳು, ಕೆಳಗೆ ಕೂತವನನ್ನೂ ನೋಡಿದಳು. ಆಮೇಲೆ ಸದ್ದಾಗದ ಹಾಗೆ, ಒಂದು ಕೈಯಲ್ಲಿ ಚಿಲಕ ಹಿಡಿದು, ಬಾಗಿಲನ್ನು ನಿಧಾನವಾಗಿ ಎಳೆದುಕೊಂಡಳು.