ಭಾನುವಾರದ ಸರದಿ

ಪ್ರೇಮಮ್ಮನಿಗೆ ಆ ಭಾನುವಾರ ಚರ್ಚಿಗೆ ಹೋಗುವ ಮನಸ್ಸೇ ಇರಲಿಲ್ಲ. ತರೀಕೆರೆ ಸುತ್ತಲಿನ ಹಳ್ಳಿಗಳಲ್ಲಿ ಮೂವತ್ತನಾಲ್ಕು ವರ್ಷ ನರ್ಸಮ್ಮನಾಗಿ ಓಡಾಡಿ ನಿವೃತ್ತಳಾದವಳು. ಎರಡು ಮಂಡಿಯೂ ಸವೆದಿದ್ದವು. ಮಂಡಿಗಿಂತ ಹೆಚ್ಚಾಗಿ ಚರ್ಚಿನ ಸಭೆಯ ಕಮಿಟಿಯಲ್ಲಿ ಕೂತು ಕೂತು ಮನಸ್ಸು ಸವೆದಿತ್ತು. ಕಮಿಟಿಯಲ್ಲಿ ಒಬ್ಬ ಹೆಂಗಸು ಇರಲೇಬೇಕು ಎಂಬ ನಿಯಮ ಬಂದಾಗ ಅವಳ ಹೆಸರು ಸೇರಿಸಿದ್ದರು. ಆರು ವರ್ಷದಲ್ಲಿ ಅವಳಾಡಿದ ಒಂದು ಮಾತೂ ನಡಾವಳಿ ಪುಸ್ತಕಕ್ಕೆ ಏರಿರಲಿಲ್ಲ. ಮೀಟಿಂಗಿಗೆ ಟೀ ತರಿಸುವುದೊಂದು ಮಾತ್ರ ಅವಳ ಪಾಲಿಗೆ ಬಂದಿತ್ತು.

"ಒಂದಿನ ಹೋಗ್ದಿದ್ರೆ ಏನಾಯ್ತದೆ? ಮನೇಲೇ ಪ್ರಾರ್ಥನೆ ಮಾಡ್ಕೊಂಡ್ರಾಯ್ತು," ಎಂದ ಗಂಡ ರಂಗಪ್ಪ. ಅವನು ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವನು.

"ಪಾಸ್ಟ್ರು ಬೆಳಿಗ್ಗೆ ಕಡೂರಿನ ಆರಾಧನೆ ಮುಗಿಸ್ಕೊಂಡು ಇಲ್ಲಿಗೆ ಬತ್ತಾರೆ, ಮಧ್ಯಾಹ್ನ ಅಜ್ಜಂಪುರಕ್ಕೆ ಓಡ್ತಾರೆ. ನಾವು ಎರಡು ಬೀದಿ ದಾಟಕ್ಕಾಗಲ್ಲ ಅಂದ್ರೆ ಹೆಂಗ್ರೀ?" ಎಂದು ಅವಳು ಬೈಬಲ್ ತೆಗೆದುಕೊಂಡು ಹೊರಟಳು.

ಚರ್ಚು ಚಿಕ್ಕದು. ಮುಂದೆ ಎರಡು ಸಾಲು ಬೆಂಚು, ಹಿಂದೆ ಚಾಪೆ. ಬೆಂಚಿನ ಮೇಲೆ ಪಟ್ಟಣದ ಹಳೆಯ ಮನೆತನಗಳವರು ಕೂರುತ್ತಿದ್ದರು, ಚಾಪೆಯ ಮೇಲೆ ಅಮೃತಾಪುರದ ಕಡೆಯಿಂದ, ಲಕ್ಕವಳ್ಳಿ ಕಡೆಯಿಂದ ಬಸ್ಸಿನಲ್ಲಿ ಬರುವ ಕಾಲೋನಿಯ ಜನ. ಹೀಗೆ ಕೂರಬೇಕೆಂದು ಯಾರೂ ಯಾವತ್ತೂ ಹೇಳಿರಲಿಲ್ಲ. ಹೇಳದೆಯೇ ನಡೆದುಕೊಂಡು ಬಂದಿತ್ತು.

ಎರಡನೆಯ ಕೀರ್ತನೆಗೆ ಎಲ್ಲರೂ ಎದ್ದು ನಿಂತಾಗ ಹಿಂದೆ ಧೊಪ್ಪನೆ ಸದ್ದಾಯಿತು. ಈರಕ್ಕ ಬಿದ್ದಿದ್ದಳು. ಎಪ್ಪತ್ತರ ಹತ್ತಿರದ ಮುದುಕಿ, ಒಂದು ಭಾನುವಾರವೂ ತಪ್ಪಿಸಿದವಳಲ್ಲ. ಪ್ರೇಮಮ್ಮ ಮಂಡಿ ಮರೆತು ಓಡಿದಳು. ಇಬ್ಬರು ಹೆಂಗಸರು ಸೇರಿ ಈರಕ್ಕನನ್ನು ಹೊರಗಿನ ಬೇವಿನ ಮರದಡಿಗೆ ಹೊತ್ತು ತಂದರು. ನಾಡಿ ಓಡುತ್ತಿತ್ತು. ತುಟಿ ಒಣಗಿ ಬಿರಿದಿತ್ತು. ಮುಖಕ್ಕೆ ನೀರು ತಟ್ಟಿದಾಗ ಕಣ್ಣುಬಿಟ್ಟಳು.

"ಬೆಳಿಗ್ಗೆಯಿಂದ ಏನ್ ಕುಡ್ದಿದೀಯ ಈರಕ್ಕ?"

"ಏನೂ ಇಲ್ಲ ಕಣಮ್ಮ."

"ನೀರಾದ್ರೂ?"

"ನಿನ್ನೆ ಸಂಜೆಗೇ ನಿಲ್ಲಿಸ್ಬಿಟ್ಟೆ. ನೀರ್ ಕುಡುದ್ರೆ ಎಲ್ಲಿಗ್ ಹೋಗ್ಲಿ? ಮನೆ ಬಿಟ್ರೆ ತಿರುಗ್ ಮನೆ ಸೇರೋದು ಮೂರು ಗಂಟೆಗೆ. ಇಲ್ಲಿರೋದಕ್ಕೆ ಬೀಗ."

ಪ್ರೇಮಮ್ಮ ಸುತ್ತ ನಿಂತಿದ್ದ ಹೆಂಗಸರ ಮುಖ ನೋಡಿದಳು. "ನಾವೂ ಹಂಗೇಯ," ಎಂದಳು ಒಬ್ಬಳು, ಅದರಲ್ಲೇನು ವಿಶೇಷ ಎನ್ನುವ ಹಾಗೆ. ಈರಕ್ಕನ ಸೊಸೆ ವಿದ್ಯಾಶ್ರೀ ತಲೆ ತಗ್ಗಿಸಿ, "ಆ ಮೂರು ದಿನ ಇದ್ರೆ ನಾವು ಬರೋದೇ ಇಲ್ಲ ಆಂಟಿ," ಎಂದಳು.

ಮೂವತ್ತನಾಲ್ಕು ವರ್ಷ ಪ್ರೇಮಮ್ಮ ಮನೆಮನೆಯ ಬಾಗಿಲಲ್ಲಿ ನಿಂತು, ನೀರು ಜಾಸ್ತಿ ಕುಡೀರಿ, ಕಟ್ಟಿಕೊಳ್ಳಬೇಡಿ, ಉರಿಮೂತ್ರ ಬರುತ್ತದೆ ಎಂದು ಹೇಳಿದವಳು. ಹೇಳಿ ಹೇಳಿ ಗಂಟಲು ಕಟ್ಟಿಸಿಕೊಂಡವಳು. ತನ್ನ ಬೆನ್ನ ಹಿಂದೆ ಹತ್ತಡಿ ದೂರದಲ್ಲಿ ಇಷ್ಟು ವರ್ಷ ಇಷ್ಟು ಹೆಂಗಸರು ಬಾಯಿ ಒಣಗಿಸಿಕೊಂಡು ಕೀರ್ತನೆ ಹಾಡುತ್ತಿದ್ದರು. ಅವಳ ಮನೆ ಎರಡು ಬೀದಿ ಆಚೆ ಇತ್ತು. ಅದಕ್ಕೇ ಗೊತ್ತಾಗಿರಲಿಲ್ಲ.

ಚರ್ಚಿನ ಹಿಂದಿನ ಬಾತ್‌ರೂಮಿನ ಬೀಗದ ಕೈ ಕಾರ್ಯದರ್ಶಿ ಧನಪಾಲ್ ಅವರ ಮನೆಯಲ್ಲಿರುತ್ತಿತ್ತು. ಧನಪಾಲ್ ಹೈಸ್ಕೂಲಿನ ನಿವೃತ್ತ ಹೆಡ್‌ಮಾಸ್ಟರು. ಅವರ ತಾತ ಆ ಚರ್ಚಿನ ಗೋಡೆಗೆ ಕಲ್ಲು ಹೊತ್ತಿದ್ದರಂತೆ. ಪ್ರತಿ ಕ್ರಿಸ್ಮಸ್ಸಿಗೆ ತಾವೇ ಏಣಿ ಹತ್ತಿ ಸುಣ್ಣ ಹೊಡೆಯುತ್ತಿದ್ದ ಮನುಷ್ಯ. ಒಂದು ಹಂಚು ಒಡೆದರೂ ಅವರಿಗೆ ಊಟ ಸೇರುತ್ತಿರಲಿಲ್ಲ.

ಮುಂದಿನ ಕಮಿಟಿ ಮೀಟಿಂಗಿನಲ್ಲಿ ಗೇಟಿಗೆ ಹೊಸ ಕಮಾನು ಕಟ್ಟಿಸುವ ಮಾತು ನಡೆದಿತ್ತು. ಕಮಾನಿನ ಮೇಲೆ ಯಾವ ವಾಕ್ಯ ಬರೆಸಬೇಕೆಂದು ಒಂದು ಗಂಟೆ ಚರ್ಚೆಯಾಯಿತು. ಕೊನೆಗೆ ಪ್ರೇಮಮ್ಮ, "ನಂಗೆ ಬಾತ್‌ರೂಮಿನ ಬೀಗದ ಕೈ ಬೇಕಾಗಿತ್ತು," ಎಂದಳು.

ಯಾರೋ ನಕ್ಕರು. ಧನಪಾಲ್ ನಗಲಿಲ್ಲ. "ಪ್ರೇಮಮ್ಮ, ಇದೂ ಒಂದು ವಿಷಯ ಅಂತ ಕಮಿಟಿಗೆ ತರ್ತೀರಲ್ರೀ. ಹಿಂದೆ ಒಂದ್ಸಲ ತೆರೆದಿದ್ವಿ. ಒಂದೇ ತಿಂಗಳಿಗೆ ಹಾಳ್ ಮಾಡಿಟ್ರು. ಅವ್ರಿಗೆಲ್ಲ ಅದನ್ನ ಉಪಯೋಗ್ಸೋದು ಗೊತ್ತಾಗಲ್ಲ."

"ಯಾರಿಗೆ ಗೊತ್ತಾಗಲ್ಲ ಸರ್?"

ಅವರು ನಡಾವಳಿ ಪುಸ್ತಕದ ಹಾಳೆ ತಿರುಗಿಸಿದರು. ಪಾಸ್ಟರು ಗಡಿಯಾರ ನೋಡಿಕೊಳ್ಳುತ್ತಿದ್ದರು. ಮೂವತ್ತೈದರ ಹುಡುಗನಂಥವರು, ಮೂರು ಊರಿನ ಸಭೆ ನೋಡಿಕೊಳ್ಳುತ್ತ ಐವತ್ತರವರಂತೆ ಕಾಣುತ್ತಿದ್ದರು. "ಕೊಟ್ಬಿಡಿ ಸರ್," ಎಂದರು ಆಯಾಸದಿಂದ.

"ಕೊಡೋಣ. ಆದ್ರೆ ಕ್ಲೀನಿಂಗ್ ಇವ್ರದ್ದೇ ಜವಾಬ್ದಾರಿ. ನಾತ ಬಂದ ದಿನ ಮತ್ತೆ ಬೀಗ."

ಬಾಗಿಲು ತೆರೆದರೆ ಒಳಗೆ ಮುರಿದ ಬೆಂಚಿನ ಕಾಲು, ಹಳೆಯ ಕ್ರಿಸ್ಮಸ್ ನಕ್ಷತ್ರದ ಬಿದಿರು, ಜೇಡರ ಬಲೆ. ನಲ್ಲಿಯಲ್ಲಿ ನೀರು ಬರುತ್ತಿರಲಿಲ್ಲ. ರಂಗಪ್ಪ ಗೊಣಗುತ್ತಲೇ ಪೈಪು ಹಾಕಿದ. ಪ್ರೇಮಮ್ಮ ಮೂರು ದಿನ ಉಜ್ಜಿದಳು. ಆ ಮೂರು ದಿನದವರಿಗೆಂದು ಒಳಗೊಂದು ಮುಚ್ಚಳದ ಬಕೆಟ್ ಇಟ್ಟು, ಗೋಡೆಗೆ ಮೊಳೆ ಹೊಡೆದು ಸೋಪು ನೇತು ಹಾಕಿದಳು. ಆಮೇಲೆ ಪ್ರತಿ ಶನಿವಾರ ಸಂಜೆ ಒಮ್ಮೆ, ಭಾನುವಾರ ಆರಾಧನೆ ಮುಗಿದ ಮೇಲೆ ಇನ್ನೊಮ್ಮೆ ತೊಳೆಯುವುದಾಯಿತು. ಶನಿವಾರ ಬಂತೆಂದರೆ ಮೈ ಭಾರವಾಗುತ್ತಿತ್ತು.

ಒಂದು ವರ್ಷ ಹೀಗೇ ನಡೆಯಿತು. ಚಾಪೆಯ ಹೆಂಗಸರು ಬಳಸಿದರು. ನಿಧಾನವಾಗಿ ಬೆಂಚಿನವರೂ ಬಳಸಿದರು. ಇದನ್ನು ಯಾರು ತೊಳೆಯುತ್ತಾರೆ ಎಂದು ಒಬ್ಬರೂ ಕೇಳಲಿಲ್ಲ. ಅಷ್ಟು ದಿನವೂ ಅವಳಿಗೆ ದೇವರ ಕೆಲಸ ಮಾಡುತ್ತಿದ್ದೇನೆ ಎಂಬ ಸಂತೋಷವೇನೂ ಆಗಲಿಲ್ಲ. ಸೊಂಟ ನೋಯುತ್ತಿತ್ತು, ಅಷ್ಟೆ.

ಮಳೆಗಾಲದಲ್ಲಿ ಅವಳಿಗೆ ಜ್ವರ ಬಂದು ಎರಡು ಭಾನುವಾರ ಮಲಗಿದಳು. ಮೂರನೆಯ ಭಾನುವಾರ ಬೇಗನೆ ಹೋದರೆ ನಾತ ಗೇಟಿನ ತನಕ ಬರುತ್ತಿತ್ತು. ಬಾಗಿಲ ಬಳಿ ಧನಪಾಲ್ ಬೀಗ ಹಿಡಿದು ನಿಂತಿದ್ದರು.

"ನೋಡಿದ್ರಾ? ನಾನು ಹೇಳಿರ್ಲಿಲ್ವಾ?"

"ಒಂದ್ ಗಂಟೆ ಟೈಮ್ ಕೊಡಿ ಸರ್."

ಮೂಗಿಗೆ ಸೆರಗು ಕಟ್ಟಿಕೊಂಡು ಅವಳು ತೊಳೆದಳು. ಜ್ವರದ ನಿತ್ರಾಣ ಇನ್ನೂ ಇತ್ತು. ಮುಗಿಸಿ ಮೆಟ್ಟಿಲ ಮೇಲೆ ಕೂತಾಗ ಅಳು ಬಂತು. ಎರಡು ವಾರ. ಅಷ್ಟು ಜನರಲ್ಲಿ ಒಬ್ಬರಾದರೂ ಎರಡು ಬಕೆಟ್ ನೀರು ಹಾಕಲಿಲ್ಲ. ಇದು ನಾನು ಇರುವ ತನಕ ಇರುತ್ತದೆ, ನಾನು ಹೋದ ದಿನ ಬೀಗ ಬೀಳುತ್ತದೆ ಎನ್ನಿಸಿತು.

ಬಸ್ಸು ಇಳಿದು ಬಂದ ವಿದ್ಯಾಶ್ರೀ ಅವಳ ಕೈಯಿಂದ ಪೊರಕೆ ತೆಗೆದುಕೊಂಡಳು. "ಬಿಡಿ ಆಂಟಿ. ಇನ್ಮೇಲೆ ನಾವೇ ಮಾಡ್ತೀವಿ. ನಮ್ಮೋರು ಐದು ಮನೆ ಇದೀವಿ, ವಾರಕ್ಕೊಬ್ರು."

ಪ್ರೇಮಮ್ಮನ ಮೈಯೆಲ್ಲ ಹೂಂ ಅನ್ನುತ್ತಿತ್ತು. ಹೂಂ ಅಂದುಬಿಟ್ಟರೆ ಅಲ್ಲಿಗೆ ಮುಗಿಯಿತು, ಮುಂದಿನ ಶನಿವಾರ ಮನೆಯಲ್ಲಿ ಕಾಲು ಚಾಚಿ ಕೂರಬಹುದು. ಅಷ್ಟರಲ್ಲಿ ಧನಪಾಲ್, "ಅದೇ ಸರಿ ನೋಡಿ. ಅವ್ರಿಗೆ ಅಭ್ಯಾಸ ಇರುತ್ತೆ," ಎಂದರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಒಂದು ತೊಂದರೆ ಬಗೆಹರಿಯಿತಲ್ಲ ಎಂಬ ನೆಮ್ಮದಿ ಅವರ ದನಿಯಲ್ಲಿತ್ತು. ವಿದ್ಯಾಶ್ರೀಯ ಮುಖ ಸಣ್ಣಗಾಯಿತು.

ಪ್ರೇಮಮ್ಮ ಎದ್ದು ನಿಂತಳು. "ಕೊಡಿಲ್ಲಿ ಪೊರಕೆ. ನೀನ್ ಮಾಡ್ಬೇಡ ಕಣೇ."

"ಯಾಕಾಂಟಿ? ನಮಗೇನ್ ಬೇಜಾರಿಲ್ಲ."

"ನಿಂಗೆ ಬೇಜಾರಿಲ್ಲ. ಇವತ್ ನೀನು ಹಿಡ್ಕೊಂಡ್ರೆ, ನಾಳೆ ನಿನ್ ಮಗಳ ಕೈಗೂ ಇದೇ ಪೊರಕೆ ಬತ್ತದೆ. ಆಮೇಲೆ ಇದು ನಿಮ್ದೇ ಕೆಲ್ಸ ಆಗೋಯ್ತದೆ. ನಿಮ್ಮ ಸರದಿ ಬಂದಾಗ ಮಾಡೀವ್ರಂತೆ, ಎಲ್ಲಾರ ಜೊತೆ."

ಆ ಮಧ್ಯಾಹ್ನ ಊಟವಾದ ಮೇಲೆ ಅವಳು ರಂಗಪ್ಪನನ್ನು ಕೂರಿಸಿಕೊಂಡು ತೊಳೆಯುವ ಸರದಿಯ ಪಟ್ಟಿ ಬರೆಸಿದಳು. ಡಿಪೋದಲ್ಲಿ ಡ್ಯೂಟಿ ಚಾರ್ಟ್ ನೋಡಿ ನೋಡಿ ಅಭ್ಯಾಸವಿದ್ದ ಅವನು ಗೆರೆ ಎಳೆದು ಅಚ್ಚುಕಟ್ಟಾಗಿ ಬರೆದ. ಒಟ್ಟು ಇಪ್ಪತ್ತಮೂರು ಮನೆ. ಮೊದಲ ಹೆಸರು ಹೇಳಿದಾಗ ಪೆನ್ನು ನಿಲ್ಲಿಸಿದ.

"ಧನಪಾಲ್ ಅವ್ರದ್ದಾ? ಬೇರೆ ಯಾವ್ದಾದ್ರೂ ಹೇಳು ಮಾರಾಯ್ತಿ. ಜಗಳ ಆಯ್ತದೆ."

"ಮುಂದಿನ ಬೆಂಚಿಂದ ಶುರು ಮಾಡಿದೀನಿ ಅಷ್ಟೆ. ಬರೀರಿ."

ಪಾಸ್ಟರು ಪಟ್ಟಿಯನ್ನು ಎರಡು ಸಲ ಓದಿದರು. "ಇದ್ರ ಜೊತೆಗೆ ಕರ್ತನು ಶಿಷ್ಯರ ಕಾಲು ತೊಳೆದ ಭಾಗ ತಗೊಂಡು ಪ್ರಸಂಗ ಮಾಡ್ಲಾ ಪ್ರೇಮಮ್ಮ?"

"ಬೇಡಿ ಅಯ್ಯನೋರೆ. ಅದನ್ನ ಪ್ರತಿ ವರ್ಷ ಕೇಳ್ತೀವಿ. ಪಟ್ಟಿ ಓದಿ, ಸಾಕು."

ಅವರು ಜೇಬಿನಿಂದ ಪೆನ್ನು ತೆಗೆದು ಎಲ್ಲಕ್ಕಿಂತ ಮೇಲೆ ತಮ್ಮ ಹೆಸರು ಬರೆದರು.

ಮುಂದಿನ ಭಾನುವಾರ ಪಟ್ಟಿ ಓದಿ ಗೋಡೆಗೆ ಅಂಟಿಸಿದರು. ಮರುವಾರ ಪಾಸ್ಟರು ಆರಾಧನೆ ಮುಗಿಸಿ ಬಿಳಿ ನಿಲುವಂಗಿ ಕಳಚಿಟ್ಟು, ಪ್ಯಾಂಟು ಮಡಚಿಕೊಂಡು ಬಕೆಟ್ ಹಿಡಿದು ಹಿಂದಕ್ಕೆ ಹೋದರು. ಹೋಗಿ ನೋಡುವ ಧೈರ್ಯ ಯಾರಿಗೂ ಇರಲಿಲ್ಲ, ಹೊರಟು ಹೋಗುವ ಧೈರ್ಯವೂ ಇರಲಿಲ್ಲ. ಜನ ಬೇವಿನ ಮರದಡಿ ಚಪ್ಪಲಿ ನೋಡುತ್ತ ನಿಂತರು. ಆ ದಿನ ಪಾಸ್ಟರಿಗೆ ಅಜ್ಜಂಪುರದ ಬಸ್ಸು ತಪ್ಪಿತು.

ಎರಡನೆಯ ವಾರ ಧನಪಾಲ್ ಚರ್ಚಿಗೆ ಬರಲಿಲ್ಲ. ಆದರೆ ಅವರ ಹೆಂಡತಿ ಕೃಪಾವತಿ ಒಬ್ಬಳೇ ಬಂದಳು. ಇಸ್ತ್ರಿ ಮಾಡಿದ ಸೀರೆ, ಕೈಯಲ್ಲಿ ಹೊಸ ಬ್ರಷ್ಷು. ಎಲ್ಲಿಂದ ಶುರು ಮಾಡುವುದೆಂದು ತಿಳಿಯದೆ ಬಾಗಿಲಲ್ಲೇ ನಿಂತಿದ್ದಳು.

"ಮನೇಲಿ ಕೆಲಸದೋಳು ಮಾಡ್ತಾಳೆ ಪ್ರೇಮಕ್ಕ. ನಂಗೆ ಬರಲ್ಲ."

"ಮೊದ್ಲು ನೀರು ಹಾಕು. ಆಮೇಲೆ ಪುಡಿ. ಸ್ವಲ್ಪ ಹೊತ್ತು ಬಿಡು."

ಇಬ್ಬರೂ ಸೇರಿ ತೊಳೆದರು. ಕೃಪಾವತಿಗೆ ಒಮ್ಮೆ ವಾಕರಿಕೆ ಬಂತು, ಹೊರಗೆ ಹೋಗಿ ಮತ್ತೆ ಬಂದಳು. ಕೈ ತೊಳೆದುಕೊಳ್ಳುವಾಗ ಮೆಲ್ಲಗೆ ಹೇಳಿದಳು, "ನಂಗೆ ನಾಲ್ಕು ವರ್ಷದಿಂದ ಶುಗರ್ ಇದೆ. ಪ್ರಸಂಗದ ಮಧ್ಯೆ ಎದ್ದು ಮನೆಗೆ ಹೋಗ್ ಬತ್ತಿದ್ದೆ. ಜನ ಎಲ್ಲ ತಿರುಗಿ ನೋಡೋರು. ಬೀಗದ ಕೈ ನಮ್ಮನೇ ಮೊಳೆಗೇ ನೇತಾಕಿತ್ತು. ಇವ್ರನ್ನ ಕೇಳಕ್ಕೆ ನಂಗೇ ನಾಚಿಕೆ. ಮಾತಾಡೋ ವಿಷಯನಾ ಅದು ಅಂತ."

"ಮತ್ತೆ ಇವತ್ತು ಬಂದಿದ್ದು ಅವ್ರಿಗೆ ಗೊತ್ತಾ?"

"ಗೊತ್ತು. ಮಾತಾಡ್ತಿಲ್ಲ."

ಧನಪಾಲ್ ಒಂದು ತಿಂಗಳು ಬರಲಿಲ್ಲ. ಎರಡು ಮನೆಯವರು ಪಟ್ಟಿಯಲ್ಲಿ ತಮ್ಮ ಹೆಸರು ಹೊಡೆದುಹಾಕಿ, ಕಡೂರಿಗೇ ಹೋಗುತ್ತೇವೆ ಎಂದು ಹೋದರು. ಒಂದು ಮನೆಯವರು ತಿರುಗಿ ಬಂದರು, ಇನ್ನೊಂದು ಮನೆಯವರು ಬರಲಿಲ್ಲ. ನಿನ್ನಿಂದ ಸಭೆ ಒಡೆಯಿತು ಎಂದು ಒಬ್ಬರು ಪ್ರೇಮಮ್ಮನ ಮುಖಕ್ಕೇ ಹೇಳಿದರು. ಅವಳು ಮನೆಗೆ ಬಂದು ಮಂಡಿಗೆ ಎಣ್ಣೆ ಹಚ್ಚಿಕೊಂಡು ಮಲಗಿದಳು. ಇದೆಲ್ಲ ಬೇಕಿತ್ತೇ ಎಂದು ರಂಗಪ್ಪ ಕೇಳಲಿಲ್ಲ. ಎರಡು ಲೋಟ ಕಾಫಿ ಮಾಡಿಕೊಂಡು ಬಂದು ಒಂದನ್ನು ಅವಳ ಪಕ್ಕ ಇಟ್ಟ.

ಸರದಿ ಸುತ್ತಿ ಮತ್ತೆ ಧನಪಾಲ್ ಮನೆಗೆ ಬರಲು ಐದಾರು ತಿಂಗಳು ಬೇಕಾಯಿತು. ಆ ಹೊತ್ತಿಗೆ ಅವರು ಚರ್ಚಿಗೆ ಬಂದು ಹೋಗುತ್ತಿದ್ದರು, ಪ್ರೇಮಮ್ಮನ ಜೊತೆ ಮಾತ್ರ ಮಾತಿರಲಿಲ್ಲ. ಆ ಭಾನುವಾರ ಕೃಪಾವತಿ ಮಗಳ ಬಾಣಂತನಕ್ಕೆಂದು ಶಿವಮೊಗ್ಗಕ್ಕೆ ಹೋಗಿದ್ದಳು. ತಾನೇ ಮಾಡಿದರಾಯಿತು ಎಂದು ಪ್ರೇಮಮ್ಮ ಬೆಳಿಗ್ಗೆ ಆರೂವರೆಗೇ ಹೋದಳು. ಹಿಂದೆ ನೀರಿನ ಸದ್ದು. ಧನಪಾಲ್ ಪಂಚೆ ಎತ್ತಿ ಕಟ್ಟಿ, ಬಗ್ಗಿ ಉಜ್ಜುತ್ತಿದ್ದರು. ಗೋಡೆಗೆ ಸುಣ್ಣ ಹೊಡೆಯುವಾಗಿನ ಅದೇ ಶ್ರದ್ಧೆ, ಮೂಲೆ ಮೂಲೆಗೂ ಬ್ರಷ್ಷು.

ಅವಳು ಹಿಂದಕ್ಕೆ ಸರಿಯುವಷ್ಟರಲ್ಲಿ ಅವರು ನೋಡಿಬಿಟ್ಟರು. ಇಬ್ಬರಿಗೂ ಮುಜುಗರವಾಯಿತು.

"ಈ ನಲ್ಲಿ ಸೋರ್ತಾ ಇದೆ," ಎಂದರು ಧನಪಾಲ್, ಗೋಡೆ ನೋಡುತ್ತ. "ವಾಷರ್ ಹೋಗಿದೆ. ರಂಗಪ್ಪನೋರಿಗೆ ಹೇಳಿ."

"ಹೇಳ್ತೀನಿ ಸರ್."

ಅಷ್ಟೇ ಮಾತು. ಕ್ಷಮಾಪಣೆ, ಸಮಾಧಾನ ಏನೂ ಆಗಲಿಲ್ಲ. ಅವಳು ಮರದಡಿಗೆ ಬಂದು ಕೂತಳು. ಹಾಗೇ ಕಣ್ಣು ಎಳೆಯಿತು. ಪಾಸ್ಟರು ಬಂದು ಎಬ್ಬಿಸುವ ತನಕ ಕಾಂಡಕ್ಕೆ ಒರಗಿ ನಿದ್ದೆ ಮಾಡಿದಳು.

ಇದೆಲ್ಲ ಆಗಿ ಮೂರು ವರ್ಷ ಕಳೆದಿದೆ. ಕಮಾನೂ ಎದ್ದಿತು. ಆ ಪಾಸ್ಟರಿಗೆ ವರ್ಗವಾಯಿತು. ಪಟ್ಟಿಯನ್ನು ಈಗ ವಿದ್ಯಾಶ್ರೀ ಬರೆಯುತ್ತಾಳೆ. ಕಮಿಟಿಯಲ್ಲಿ ಪ್ರೇಮಮ್ಮನ ಜಾಗಕ್ಕೆ ಬಂದವಳು ಅವಳೇ. ಕೆಲವರು ಸರದಿ ತಪ್ಪಿಸುತ್ತಾರೆ, ಬೈಸಿಕೊಂಡು ಮರುವಾರ ಮಾಡುತ್ತಾರೆ. ಚಾಪೆ, ಬೆಂಚು ಇನ್ನೂ ಹಾಗೇ ಇವೆ. ಆದರೆ ಕೃಪಾವತಿ ಮಂಡಿ ಬಗ್ಗದಿದ್ದರೂ ಒಂದೊಂದು ವಾರ ಹಿಂದೆ ಬಂದು ಚಾಪೆಯ ಪಕ್ಕ ಸ್ಟೂಲು ಹಾಕಿಕೊಂಡು ಕೂರುತ್ತಾಳೆ.

ಹೊಸ ಪಾಸ್ಟರು ಬಂದ ಹೊಸದರಲ್ಲಿ ಗೋಡೆಯ ಪಟ್ಟಿ ನೋಡಿ ಆಶ್ಚರ್ಯಪಟ್ಟರು. "ಇದನ್ನ ಯಾರು ಶುರು ಮಾಡಿದ್ದು?" ಎಂದು ಧನಪಾಲ್ ಅವರನ್ನು ಕೇಳಿದರು.

"ನಮ್ಮ ಸಭೇಲಿ ಮೊದಲಿಂದ್ಲೂ ಹಿಂಗೇ," ಎಂದರು ಧನಪಾಲ್, ಗಂಭೀರವಾಗಿ.

ಪಕ್ಕದಲ್ಲೇ ಕೂತು ಚಪ್ಪಲಿ ಹಾಕಿಕೊಳ್ಳುತ್ತಿದ್ದ ಪ್ರೇಮಮ್ಮನಿಗೆ ಅದು ಕೇಳಿಸಿತು. ಒಂದು ಕ್ಷಣ ಚುರುಕ್ ಎಂದಿತು. ಆಮೇಲೆ, ಇರಲಿ ಬಿಡು, ಮೊದಲಿಂದಲೂ ಇದ್ದದ್ದು ಅಂದುಕೊಂಡರೆ ಯಾರೂ ತೆಗೆಯಲು ಹೋಗುವುದಿಲ್ಲ ಎನ್ನಿಸಿತು. ಮನೆಯಲ್ಲಿ ಹುಳಿಗೆ ಬೇಳೆ ಬೇಯಲಿಟ್ಟು ಬಂದಿದ್ದಳು, ರಂಗಪ್ಪ ಒಲೆ ಆರಿಸಿರುತ್ತಾನೋ ಇಲ್ಲವೋ. ಅವಳು ಗೋಡೆ ಹಿಡಿದು ಎದ್ದು, ನಿಧಾನಕ್ಕೆ ಮೆಟ್ಟಿಲಿಳಿದು ಮನೆ ಕಡೆ ನಡೆದಳು.